ಹೊಳೆಯ ಪಕ್ಷ, ಕಡಲ ಪಕ್ಷ

ನಮ್ಮ ಮನೆಯಲ್ಲಿ ಸದ್ಯ ಎರಡು ಪಕ್ಷಗಳಿವೆ. ಹೊಳೆಯ ಪಕ್ಷದಲ್ಲಿ ನಾನೊಬ್ಬನೇ. ಕಡಲ ಪಕ್ಷದಲ್ಲಿ ನನ್ನಾಕೆ, ಅವಳ ಅಕ್ಕ, ಅಕ್ಕನ ಗಂಡ ಅಂದರೆ ನನ್ನ ಷಡ್ಡಕ, ಇವರಲ್ಲದೆ ಬೆಳಿಗ್ಗೆ ಹಾಲು ಹಾಕಲು ಬಂದು ಗೇಟಿನ ಹತ್ತಿರ ಎರಡು ನಿಮಿಷ ನಿಂತು ವಾದ ಕೇಳಿಸಿಕೊಂಡ ಹುಡುಗ. ಅವನಿಗೆ ಮತದಾನದ ಹಕ್ಕಿಲ್ಲ ಎಂದು ನಾನು ತಕರಾರು ತೆಗೆದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಹುಮತ ಅತ್ತ ಇದ್ದರೂ ತೀರ್ಮಾನವಾಗದೆ ಉಳಿದಿರುವುದಕ್ಕೆ ಒಂದೇ ಕಾರಣ: ಪಾಸ್‌ಪೋರ್ಟುಗಳಿರುವ ಬೀರುವಿನ ಬೀಗದ ಕೈ ನನ್ನ ಜೇಬಿನಲ್ಲಿದೆ.

ಇದಕ್ಕೆಲ್ಲ ಮೂಲ ಮ್ಯೂನಿಕ್‌ನಲ್ಲಿರುವ ಮಗಳು. "ಅಪ್ಪ, ಈ ಸಲ ಬಂದಾಗ ಮೊಮ್ಮಗನನ್ನ ಎತ್ತಿಕೊಂಡು ಮನೆಯಲ್ಲೇ ಕೂರೋದು ಬೇಡ. ನೀವೂ ಅಮ್ಮನೂ ಒಂದು ವಾರ ಕ್ರೂಸ್ ಹೋಗಿಬನ್ನಿ. ನದಿಯದ್ದು ಮಾಡಿಸಲೋ, ಸಮುದ್ರದ್ದು ಮಾಡಿಸಲೋ, ಅಷ್ಟು ಹೇಳಿ" ಅಂದಳು. ಅಷ್ಟು ಹೇಳುವುದೇ ಕಷ್ಟ ಅಲ್ಲವೇ? ನಮ್ಮ ಕಾಲದ ಪ್ರವಾಸಗಳಲ್ಲಿ ಆಯ್ಕೆ ಎಂಬ ಕಾಟವೇ ಇರಲಿಲ್ಲ. ಧರ್ಮಸ್ಥಳಕ್ಕೆ ಹೊರಟರೆ ಸುಬ್ರಹ್ಮಣ್ಯ ಸೇರಿಯೇ ಇರುತ್ತಿತ್ತು. ಸುಬ್ರಹ್ಮಣ್ಯದವರೆಗೆ ಹೋಗಿ ಶೃಂಗೇರಿ ಬಿಟ್ಟು ಬಂದರೆ ಅಜ್ಜಿ ಮಾತು ಬಿಡುತ್ತಿದ್ದಳು. ತೀರ್ಮಾನಿಸಬೇಕಾಗಿದ್ದದ್ದು ಬಸ್ಸಿನಲ್ಲಿ ಕಿಟಕಿ ಪಕ್ಕ ಯಾರು ಎಂಬುದಷ್ಟೇ. ಅದನ್ನು ವಾಂತಿ ಮಾಡಿಕೊಳ್ಳುವವರಿಗೆ ಎಂದು ಮೊದಲೇ ಮೀಸಲಿಟ್ಟಿರುತ್ತಿದ್ದರು. ಹಾಗಾಗಿ ನಾನು ಕರ್ನಾಟಕದ ಬಹುಭಾಗವನ್ನು ಕಿಟಕಿ ಪಕ್ಕ ಕೂತೇ ನೋಡಿದ್ದೇನೆ.

ಬಸ್ಸಿನಲ್ಲೇ ಹೀಗೆ, ಇನ್ನು ಕಡಲಿನ ಮೇಲೆ ಕೇಳಬೇಕೆ? ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದಾಗ ದಡ ಬಿಟ್ಟು ಸ್ವಲ್ಪ ಹೊತ್ತಿಗೆಲ್ಲ ಉಡುಪಿಯಲ್ಲಿ ತಿಂದ ಗೋಳಿಬಜೆಗೂ ನನಗೂ ಭಿನ್ನಾಭಿಪ್ರಾಯ ಶುರುವಾಯಿತು. "ಕೆಳಗೆ ನೋಡ್ಬೇಡಿ ಮಾರಾಯ್ರೆ, ದೂರ ನೋಡಿ, ದೂರ" ಎಂದು ದೋಣಿಯವನು ಕೂಗಿದ. ದೂರ ನೋಡುವಷ್ಟು ಪುರುಸೊತ್ತು ಗೋಳಿಬಜೆ ಕೊಡಲಿಲ್ಲ. ದ್ವೀಪದಲ್ಲಿ ಜ್ವಾಲಾಮುಖಿಯ ಲಾವಾ ಆರಿ ಕಂಬಕಂಬವಾಗಿ ಸೀಳಿ ನಿಂತ ಕಪ್ಪು ಬಂಡೆಗಳಿವೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾದ ಜಾಗ. ಎಲ್ಲರೂ ಅವುಗಳ ಮೇಲೆ ನಿಂತು ಫೋಟೋ ತೆಗೆಸಿಕೊಂಡರು. ನಾನು ಒಂದನ್ನು ತಬ್ಬಿಕೊಂಡು ಕೂತೆ. ಅಲುಗಾಡದ ವಸ್ತುವಿನ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಹುಟ್ಟಿರಲಿಲ್ಲ.

ಆಮೇಲೆ ಓದಿ ತಿಳಿದೆ, ದೋಣಿಯವನ ಮಾತಿನಲ್ಲಿ ಶಾಸ್ತ್ರವಿತ್ತು. ಒಳಗಿವಿಯಲ್ಲಿರುವ ಸಮತೋಲನದ ಅಂಗ "ನಾವು ಅಲುಗಾಡುತ್ತಿದ್ದೇವೆ" ಎಂದು ಮೆದುಳಿಗೆ ವರದಿ ಕೊಡುತ್ತದೆ. ಎದುರಿನ ಹಲಗೆಯನ್ನೇ ನೋಡುತ್ತಿರುವ ಕಣ್ಣು "ಎಲ್ಲ ನೆಟ್ಟಗೇ ಇದೆಯಲ್ಲ" ಅನ್ನುತ್ತದೆ. ಇಬ್ಬರು ಸಾಕ್ಷಿಗಳ ಹೇಳಿಕೆ ತಾಳೆಯಾಗದಿದ್ದಾಗ ಶಿಕ್ಷೆ ಹೊಟ್ಟೆಗೆ. ದಿಗಂತ ನೋಡಿದರೆ ಕಣ್ಣಿಗೂ ಅಲುಗಾಟ ಕಂಡು ಇಬ್ಬರೂ ರಾಜಿಗೆ ಬರುತ್ತಾರೆ. ಚಾರ್ಲ್ಸ್ ಡಾರ್ವಿನ್ 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಲೋಕ ಸುತ್ತಿದಾಗ ಸಮುದ್ರದ ಮೇಲಿದ್ದಷ್ಟು ಕಾಲವೂ ಈ ಸಂಕಟದಲ್ಲೇ ಇದ್ದರಂತೆ. ಬ್ರಿಟಿಷ್ ನೌಕಾಪಡೆಯ ಮಹಾವೀರ ನೆಲ್ಸನ್ನನಿಗೂ ಗಾಳಿ ಜೋರಾದರೆ ತಲೆ ಎತ್ತಲಾಗುತ್ತಿರಲಿಲ್ಲ. ಇಂಥವರ ಸಾಲಿನಲ್ಲಿ ನಾನಿದ್ದೇನೆಂದು ಮನೆಯಲ್ಲಿ ಹೇಳಿದೆ. "ಅವರು ಅದಾದ ಮೇಲೂ ಏನಾದರೂ ಮಾಡಿದರು" ಎಂದಳು ನನ್ನಾಕೆ.

ನನ್ನ ಷಡ್ಡಕ ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು. ಮುಂಬೈಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗಿಬಂದ ಮೇಲೆ ಸಮುದ್ರವನ್ನು ತಮ್ಮ ಶಾಖೆಗೆ ಸೇರಿಸಿಕೊಂಡಂತೆ ಮಾತಾಡುತ್ತಾರೆ. "ಈಗಿನ ಹಡಗು ಅಲುಗಾಡೋದೇ ಇಲ್ಲ ಕಣ್ರೀ. ನೀರೊಳಗೆ ಎರಡೂ ಪಕ್ಕೆಗೆ ರೆಕ್ಕೆ ಇರ್ತವೆ, ಸ್ಟೆಬಿಲೈಸರ್ ಅಂತ. ಹಡಗು ಈ ಕಡೆ ವಾಲಿದರೆ ರೆಕ್ಕೆ ಆ ಕಡೆ ಒತ್ತುತ್ತದೆ. ಕೆಳಗಿನ ಅಂತಸ್ತಿನಲ್ಲಿ, ನಡುಮಧ್ಯದ ಕೋಣೆ ತಗೊಂಡರೆ ನಿಮ್ಮ ಗೋಳಿಬಜೆಯೂ ಕದಲೋದಿಲ್ಲ." ಅಲ್ಲಿಗೇ ನಿಲ್ಲಲಿಲ್ಲ. 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾನ ಹೊರಟ 'ಐಕಾನ್ ಆಫ್ ದಿ ಸೀಸ್' ಹಡಗಿನ ಜಾತಕ ಬಿಚ್ಚಿದರು: ಉದ್ದ 365 ಮೀಟರ್, 20 ಅಂತಸ್ತು, ಈಜುಕೊಳಗಳೇ 7, ತುಂಬಿದರೆ 7,600 ಪ್ರಯಾಣಿಕರು. 1912ರಲ್ಲಿ ಮುಳುಗಿದ ಟೈಟಾನಿಕ್ಕಿನ ಉದ್ದ 269 ಮೀಟರ್ ಎಂದು ನಾನು ನೆನಪಿಸಿದೆ. ಹಡಗಿನ ಮಾತು ಬಂದ ಕಡೆ ಟೈಟಾನಿಕ್ಕನ್ನು ಒಬ್ಬರಾದರೂ ಎತ್ತದಿದ್ದರೆ ಸಭೆಗೆ ಶೋಭೆಯಿಲ್ಲ. ಆಮೇಲೆ ಕೇಳಿದೆ: "ಏಳೂವರೆ ಸಾವಿರ ಜನ ಇದ್ದರೆ ಬೆಳಗಿನ ಕಾಫಿ ಎಷ್ಟು ಹೊತ್ತಿಗೆ ಸಿಗುತ್ತೆ ಭಾವ?" ಅದರ ಅಂಕಿಅಂಶ ಅವರ ಬಳಿ ಇರಲಿಲ್ಲ.

ಹಾಗೆ ನೋಡಿದರೆ ನದಿಯ ಕಡೆ ನನ್ನ ಒಲವು ಹುಟ್ಟಿನಿಂದ ಬಂದದ್ದು. ಸಾಗರ ತಾಲ್ಲೂಕಿನ ನಮಗೆ ಜಲಯಾನವೆಂದರೆ ಶರಾವತಿ ಹಿನ್ನೀರಿನ ಲಾಂಚು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಒಂದೇ ಕಬ್ಬಿಣದ ತಟ್ಟಿನ ಮೇಲೆ ಬಸ್ಸು, ಜೀಪು, ಬೈಕು, ಸಿಗಂದೂರಿಗೆ ಹರಕೆ ಹೊತ್ತವರು, ತುಮರಿ ಕಡೆಯ ನೆಂಟರು, ಅವರ ಕೈಚೀಲದಿಂದ ಇಣುಕುವ ಬಾಳೆಗೊನೆ. ಅಷ್ಟು ದಾಟುವುದರೊಳಗೆ ಅರ್ಧ ತಾಲ್ಲೂಕಿನ ಕ್ಷೇಮಸಮಾಚಾರ ತಿಳಿದುಹೋಗುತ್ತಿತ್ತು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ತೆರೆಯಿತು. ಕತ್ತಲಾದ ಮೇಲೆ ಲಾಂಚು ನಿಂತುಹೋಗಿ, ರೋಗಿಯನ್ನು ದಡದಲ್ಲೇ ಇಟ್ಟುಕೊಂಡು ಕಂಗಾಲಾಗುತ್ತಿದ್ದ ಹಿನ್ನೀರಿನ ಊರುಗಳ ಕಷ್ಟ ಬಲ್ಲ ಯಾರೂ ಸೇತುವೆ ಬೇಡವಿತ್ತು ಅನ್ನಲಾರರು. ನಾನೂ ಅನ್ನುವುದಿಲ್ಲ. ಆದರೆ ಕಾರಿನೊಳಗೆ ಕೂತು ಐದು ನಿಮಿಷದಲ್ಲಿ ಆಚೆ ದಡ ಸೇರುವವನಿಗೆ ಯಾರ ಮಗಳ ಮದುವೆ ಗೊತ್ತಾಯಿತೆಂದು ತಿಳಿಯುವ ಬಗೆಯೇನು?

ಮದುವೆ ಅಂದಾಗ ಧರ್ಮಶಾಸ್ತ್ರ ನೆನಪಾಯಿತು. ನಮ್ಮ ಹಿರಿಯರ ಲೆಕ್ಕದಲ್ಲಿ ನದಿಗೆ ಹೋದರೆ ಪುಣ್ಯ, ಸಮುದ್ರ ದಾಟಿದರೆ ಪ್ರಾಯಶ್ಚಿತ್ತ. ಗಾಂಧೀಜಿ 1888ರಲ್ಲಿ ಇಂಗ್ಲೆಂಡಿಗೆ ಹೊರಟಾಗ ಮೋಢ ಬನಿಯಾ ಜಾತಿಯ ಹಿರಿಯರು ಅವರನ್ನು ಜಾತಿಯಿಂದ ಹೊರಹಾಕಿದರು. 1891ರಲ್ಲಿ ಬ್ಯಾರಿಸ್ಟರಾಗಿ ಮರಳಿದಾಗ ಅಣ್ಣ ಅವರನ್ನು ಮೊದಲು ನಾಸಿಕಕ್ಕೆ ಕರೆದುಕೊಂಡು ಹೋಗಿ ಗೋದಾವರಿಯಲ್ಲಿ ಮುಳುಗಿಸಿ ಎಬ್ಬಿಸಿದರು. ಕಡಲಿನ ದೋಷವನ್ನು ತೊಳೆಯಲು ಕೊನೆಗೆ ಹೊಳೆಯೇ ಬೇಕಾಯಿತು ನೋಡಿ! ಈ ವಾದ ಮುಂದಿಟ್ಟಾಗ ಷಡ್ಡಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ಬಾಯಲ್ಲಿ ಆಗ ಚಕ್ಕುಲಿ ಇತ್ತು, ಅದಕ್ಕಿರಬಹುದು.

ನನ್ನ ಮನಸ್ಸು ನಿಜವಾಗಿ ನದಿಯ ಕಡೆ ಹೊರಳಿದ್ದು ರೇಗನ್ಸ್‌ಬರ್ಗ್‌ನಲ್ಲಿ. ಹಿಂದಿನ ಸಲ ಅಳಿಯ ನಮ್ಮನ್ನು ಆ ಊರಿಗೆ ಕರೆದುಕೊಂಡು ಹೋಗಿದ್ದ. ಡ್ಯಾನ್ಯೂಬ್ ನದಿಯಲ್ಲಿ ಅಲ್ಲೊಂದು ಲಾಕ್ ಇದೆ. ನೀರಿನ ಮಟ್ಟ ತಗ್ಗಿನಿಂದ ಏರಿಗೆ ಹೋಗುವ ಕಡೆ ಹಡಗನ್ನು ಎತ್ತಿಕೊಡುವ ಕಾಂಕ್ರೀಟಿನ ದೊಡ್ಡ ತೊಟ್ಟಿ. ಉದ್ದನೆಯ ಬಿಳಿ ಹಡಗೊಂದು ಮೆಲ್ಲನೆ ಒಳಗೆ ಬಂತು. ಈ ಹಡಗುಗಳನ್ನು ಲಾಕಿನ ಅಳತೆಗೇ ಹೊಲಿದಿರುತ್ತಾರೆ: ತೊಟ್ಟಿಯ ಅಗಲ 12 ಮೀಟರ್, ಹಡಗಿನದು 11.4. ಗೋಡೆಗೂ ಹಡಗಿಗೂ ನಡುವೆ ಪಕ್ಕಕ್ಕೆ ಒಂದೊಂದು ಅಡಿ ಜಾಗ. ಹಿಂದಿನ ಬಾಗಿಲು ಮುಚ್ಚಿತು. ಪಂಪಿಲ್ಲ, ಗಲಾಟೆಯಿಲ್ಲ. ಮೇಲಿನ ನೀರು ತನ್ನ ಭಾರದಿಂದ ತಾನೇ ಕೆಳಗೆ ತುಂಬತೊಡಗಿತು. ಕಟ್ಟೆಯ ಮೇಲೆ ನಿಂತಿದ್ದ ನನಗೆ ಮೊದಲು ಕಂಡದ್ದು ಹಡಗಿನ ಮೇಲಟ್ಟದ ಕುರ್ಚಿಗಳಲ್ಲಿ ಕೂತವರ ನೆತ್ತಿ, ಬಹುಪಾಲು ನರೆತವು, ಕೆಲವು ಪೂರ್ತಿ ಬೋಳು. ಆಮೇಲೆ ಹಣೆ, ಕನ್ನಡಕ, ಕಾಫಿ ಬಟ್ಟಲು. ಕೊನೆಗೆ ನನ್ನ ಎದುರಿಗೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ನನ್ನದೇ ವಯಸ್ಸಿನ ಒಬ್ಬ ಮಹನೀಯ. ಬಟ್ಟಲೆತ್ತಿ ನಕ್ಕ. ನಾನು ಕೈಮುಗಿದೆ. ಅವನ ಹೆಂಡತಿ ನನ್ನಾಕೆಯ ಸೀರೆಯ ಕಡೆ ಬೆರಳು ತೋರಿಸಿ ಏನೋ ಹೇಳಿದಳು. ನನ್ನಾಕೆ ಆಕೆಯ ಟೋಪಿ ನೋಡಿ ಏನೋ ಹೇಳಿದಳು. ಇಬ್ಬರಿಗೂ ಸಂಪೂರ್ಣ ಅರ್ಥವಾಯಿತು. ಅಷ್ಟರಲ್ಲಿ ಮುಂದಿನ ಬಾಗಿಲು ತೆರೆದು ಹಡಗು ಹೋಯಿತು. ನದಿಯ ಹಡಗೆಂದರೆ ಚಲಿಸುವ ಜಗಲಿ ಎಂದು ನನಗೆ ಆವತ್ತೇ ಹೊಳೆಯಿತು. ಕೂತಲ್ಲಿಂದಲೇ ಊರವರ ಅಂಗಳ, ಒಣಹಾಕಿದ ಬಟ್ಟೆ, ಗಾಳ ಹಾಕಿ ಕೂತ ಹುಡುಗ, ನಾಯಿಗೆ ಬೈಯುವ ಮುದುಕಿ, ಎಲ್ಲವನ್ನೂ ವಿಚಾರಿಸಿಕೊಳ್ಳಬಹುದು.

ಅಂದಿನಿಂದ ನನಗೆ ಡ್ಯಾನ್ಯೂಬಿನ ಹುಚ್ಚು. ಜರ್ಮನಿಯ ಕಪ್ಪುಕಾಡಿನಲ್ಲಿ ಹುಟ್ಟಿ, ಸುಮಾರು 2,850 ಕಿಲೋಮೀಟರ್ ಹರಿದು, 10 ದೇಶಗಳನ್ನು ಮುಟ್ಟಿ ಕಪ್ಪು ಸಮುದ್ರ ಸೇರುವ ನದಿ. ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್, ಬೆಲ್‌ಗ್ರೇಡ್, ನಾಲ್ಕು ರಾಜಧಾನಿಗಳು ಅದರ ದಡದಲ್ಲೇ. ಇದನ್ನು ರೈನ್ ನದಿಯ ಕಡೆಗೆ ಜೋಡಿಸಬೇಕೆಂದು ಚಕ್ರವರ್ತಿ ಶಾರ್ಲಮೇನ್ 793ರಲ್ಲೇ ಕಾಲುವೆ ತೋಡಿಸಲು ಹೊರಟಿದ್ದ. ಈಗಿನ ಕಾಲುವೆ ಪೂರ್ತಿಯಾದದ್ದು 1992ರಲ್ಲಿ: 171 ಕಿಲೋಮೀಟರ್, 16 ಲಾಕುಗಳು, ಹಡಗು ಸಮುದ್ರಮಟ್ಟದಿಂದ 406 ಮೀಟರ್ ಎತ್ತರಕ್ಕೆ ಹತ್ತಿ ಇಳಿಯುತ್ತದೆ. ಸರ್ಕಾರಿ ಕಾಮಗಾರಿ ತಡವಾಗುತ್ತದೆ ಎಂದು ಗೊಣಗುವವರು ಇದನ್ನು ಗಮನಿಸಬೇಕು. ಪಾಸಾವ್‌ನಿಂದ ಬುಡಾಪೆಸ್ಟಿಗೆ ಹೋಗಿಬರುವ ಯಾನ ಒಂದು ವಾರದ್ದು. ಪಾಸಾವ್‌ನಲ್ಲಿ ಡ್ಯಾನ್ಯೂಬ್, ಇನ್, ಇಲ್ಸ್ ಎಂಬ ಮೂರು ನದಿ ಕೂಡುತ್ತವೆ ಎಂದು ನನ್ನಾಕೆಗೆ ಆಸೆ ತೋರಿಸಿದೆ. "ಸಂಗಮ ಅಂದಮೇಲೆ ಸ್ನಾನಕ್ಕೆ ಮೆಟ್ಟಿಲು ಇದೆಯಾ?" ಎಂದಳು. ಆ ಚಳಿಯಲ್ಲಿ ಮೆಟ್ಟಿಲಿದ್ದರೂ ಪುಣ್ಯ ಬೇಡ ಅನ್ನಿಸಿ ಮಾತು ಬದಲಿಸಿದೆ.

ನಮ್ಮ ದೇಶದಲ್ಲೇ ನೋಡೋಣವೆಂದರೆ 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟ 'ಗಂಗಾ ವಿಲಾಸ್' ಇದೆ. ಬಾಂಗ್ಲಾದೇಶ ಹಾಯ್ದು ಅಸ್ಸಾಮಿನ ದಿಬ್ರೂಗಢದವರೆಗೆ ಸುಮಾರು 3,200 ಕಿಲೋಮೀಟರ್, 51 ದಿನ, ಪ್ರಯಾಣಿಕರು ಬರೀ 36. "51 ದಿನ ನಿಮ್ಮ ಜೊತೆ, ಒಂದೇ ಕೋಣೆಯಲ್ಲಿ?" ಎಂದು ನನ್ನಾಕೆ ಕೇಳಿದ ಧ್ವನಿಯಲ್ಲಿ ಆ ಪ್ರಸ್ತಾಪ ಮುಗಿಯಿತು. ನೈಲ್ ನದಿಯ ಲಕ್ಸರ್-ಅಸ್ವಾನ್ ಯಾನಕ್ಕೆ ಮಾತ್ರ ಅವಳು ಅರೆಮನಸ್ಸು ತೋರಿಸಿದಳು. ಅಲ್ಲಿ ಎಸ್ನಾ ಎಂಬ ಲಾಕಿನ ಹತ್ತಿರ ವ್ಯಾಪಾರಿಗಳು ಪುಟ್ಟ ದೋಣಿಗಳಲ್ಲಿ ಬಂದು ನಿಲುವಂಗಿ, ಮೇಜುವಸ್ತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹಡಗಿನ ಮೇಲಕ್ಕೆ ಎಸೆಯುತ್ತಾರೆ. ಮೇಲಿನಿಂದ ಕೆಳಕ್ಕೆ ಕೂಗಿ ಚೌಕಾಸಿ ಮಾಡಬೇಕು. ಒಪ್ಪಿಗೆಯಾದರೆ ಚೀಲದಲ್ಲಿ ದುಡ್ಡಿಟ್ಟು ಕೆಳಗೆಸೆಯುವುದು. "ಜರಿ ಸೀರೆ ಎಸೀತಾರಾ?" ಎಂದಳು. ಇಲ್ಲವೆಂದೆ. ನೈಲ್ ಕೈಬಿಟ್ಟಿತು.

ಕಡಲ ಹಡಗಿನ ಕೊರತೆಗಳನ್ನೂ ನಾನು ಬಿಡಲಿಲ್ಲ. ದೊಡ್ಡ ಹಡಗು ಊರೊಳಗೆ ಬರಲಾರದು. ಕರಪತ್ರದಲ್ಲಿ 'ರೋಮ್' ಎಂದಿರುತ್ತದೆ, ನಿಲ್ಲುವುದು ಚಿವಿತಾವೆಕ್ಕಿಯಾ ಬಂದರಿನಲ್ಲಿ. ಅಲ್ಲಿಂದ ರೋಮಿಗೆ ಎಪ್ಪತ್ತು ಕಿಲೋಮೀಟರಿಗೂ ಮೇಲೆ. ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೂ ಚಳಿಗಾಲದಲ್ಲಿ ವಿದೇಶಿ ಹಡಗುಗಳು ಬರುತ್ತವೆ. ಬೆಳಿಗ್ಗೆ ಇಳಿದವರನ್ನು ಬಸ್ಸಿನಲ್ಲಿ ಕೂರಿಸಿ ಕಾರ್ಕಳದ ಬಾಹುಬಲಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಒಂದು ಗೇರುಬೀಜದ ಕಾರ್ಖಾನೆ ತೋರಿಸಿ ಸಂಜೆಯೊಳಗೆ ಹಡಗು ಹತ್ತಿಸುತ್ತಾರೆ. ಇಡೀ ಕರ್ನಾಟಕ ಅವರಿಗೆ ಅಷ್ಟೇ. ನೀರುದೋಸೆ ಕೂಡ ಇಲ್ಲ! ಮೇಲಾಗಿ ಟಿಕೆಟ್ಟು ಅಗ್ಗವೆನ್ನಿಸಿದರೂ ಪಾನೀಯಕ್ಕೆ ಬೇರೆ, ವೈಫೈಗೆ ಬೇರೆ, ಊರು ತೋರಿಸುವುದಕ್ಕೆ ಬೇರೆ, ಬಕ್ಷೀಸು ಬೇರೆ. ನದಿಯ ಯಾನದಲ್ಲಿ ಮೊದಲೇ ಹೆಚ್ಚು ತೆತ್ತರೂ ಇವುಗಳಲ್ಲಿ ಬಹಳಷ್ಟು ಸೇರಿಯೇ ಇರುತ್ತವೆ.

ಕಡಲ ಪಕ್ಷ ಸುಮ್ಮನೆ ಕೂರಲಿಲ್ಲ. ಷಡ್ಡಕ ಕನ್ನಡಕ ಏರಿಸಿ ಎಣಿಸತೊಡಗಿದರು. ಮಳೆ ಹೆಚ್ಚಾದರೆ ನದಿಯ ಹಡಗು ಸೇತುವೆಯಡಿ ನುಸುಳದು. ಅದಕ್ಕೇ ಚಾಲಕನ ಕೋಣೆಯನ್ನೇ ಕೆಳಗಿಳಿಸುವಂತೆ ಕಟ್ಟಿದ್ದರೂ ಕೆಲವೊಮ್ಮೆ ಸಾಲದು. ಮಳೆ ಕಡಿಮೆಯಾದರೆ ತಳ ತಾಗುತ್ತದೆ. 2018ರಲ್ಲೂ 2022ರಲ್ಲೂ ರೈನ್ ಬತ್ತಿ ಎಷ್ಟೋ ಪ್ರಯಾಣಿಕರು ಬಸ್ಸಿನಲ್ಲಿ ನದಿಯಾನ ಮಾಡಿದರು. ದಡದಲ್ಲಿ ಜಾಗವಿಲ್ಲದಾಗ ಹಡಗುಗಳನ್ನು ಒಂದಕ್ಕೊಂದು ತಾಗಿಸಿ ಕಟ್ಟುತ್ತಾರೆ. ಆಗ ನೀವು ಪರದೆ ಸರಿಸಿದರೆ ಕಾಣುವುದು ಪಕ್ಕದ ಹಡಗಿನಲ್ಲಿ ಹಲ್ಲುಜ್ಜುತ್ತಿರುವವರು. ಇದನ್ನು ಅವರು ದೋಷವೆಂದು ಹೇಳಿದರು. ನನಗೆ ಹಾಗನ್ನಿಸಲಿಲ್ಲ.

ಕೊನೆಗೆ ನನ್ನಾಕೆ, ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದವಳು, ತಲೆಯೆತ್ತದೆ ಹೇಳಿದಳು: "ನಿಮಗೆ ದಡ ಬೇಕು, ನನಗೆ ದಡವೇ ಬೇಡ. ದಡ ಕಂಡರೆ ಇಳೀಬೇಕು. ಇಳಿದರೆ ಅರಮನೆ, ಇಗರ್ಜಿ, ಕಲ್ಲು ಹಾಸಿದ ಬೀದಿ, ನನ್ನ ಮಂಡಿ. ಯಾರನ್ನೋ ಮಾತಾಡಿಸಿಕೊಂಡು ನಿಂತ ನಿಮ್ಮನ್ನ ಎಳಕೊಂಡು ಬರಬೇಕು. ಮದುವೆಯಾದಾಗಿನಿಂದ ಬಾಗಿಲಿಗೆ ಬಂದವರಿಗೆಲ್ಲ ಕಾಫಿ ಮಾಡಿದ್ದೀನಿ. ಸುತ್ತ ನೀರು ಬಿಟ್ಟರೆ ಏನೂ ಕಾಣಬಾರದು, ಯಾರೂ ಬರಬಾರದು, ಹೊತ್ತಿಗೆ ಸರಿಯಾಗಿ ಇನ್ಯಾರೋ ಅನ್ನ ಬಡಿಸಬೇಕು."

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನದಿ ಹಡಗಿನ ಜಾಹೀರಾತಿನಲ್ಲೂ ಇಲ್ಲ, ಕಡಲಿನದರಲ್ಲೂ ಇಲ್ಲ. ಆಯ್ಕೆ ನೀರಿನದಲ್ಲವೇ ಅಲ್ಲ. ಜಗಲಿಯಲ್ಲಿ ಕೂತು ಸುಖಪಟ್ಟವನು ಪರದೇಶದಲ್ಲೂ ಮಾತಿಗೆ ಜನ ಹುಡುಕುತ್ತಾನೆ. ಆ ಜಗಲಿಗೆ ಒಳಗಿನಿಂದ ಕಾಫಿ ಸರಬರಾಜು ಮಾಡಿದವಳಿಗೆ ಒಂದು ವಾರವಾದರೂ ಜಗಲಿಯಿಲ್ಲದ ಮನೆ ಬೇಕು. ಬೀಗದ ಕೈಯನ್ನು ಕೊತ್ತಂಬರಿ ಸೊಪ್ಪಿನ ಪಕ್ಕ ಇಟ್ಟೆ.

ಮುಂದಿನದೆಲ್ಲ ಅಕ್ಕತಂಗಿಯರು ಅಡುಗೆಮನೆಯಲ್ಲೇ ಮುಗಿಸಿದರು. ಅವರಿಬ್ಬರೂ ಬಾರ್ಸಿಲೋನಾದಿಂದ ಕಡಲಿಗೆ. ನಾನೂ ಷಡ್ಡಕರೂ ಪಾಸಾವ್‌ನಿಂದ ಹೊಳೆಗೆ, ಕೆಳಗಿನ ಅಂತಸ್ತು, ನೀರಿನ ಮಟ್ಟಕ್ಕೆ ಗೇಣಗಲದ ಕಿಟಕಿ, ಇಬ್ಬರಿಗೂ ಒಂದೇ ಕೋಣೆ. ಷಡ್ಡಕರ ಗೊರಕೆಗೆ ಸ್ಟೆಬಿಲೈಸರ್ ಇದೆಯೇ ಎಂದು ನಾನು ಕೇಳಲು ಹೋಗಲಿಲ್ಲ. ನಮ್ಮನ್ನು ಯಾರೂ ಏನೂ ಕೇಳಿರಲಿಲ್ಲವಲ್ಲ. ಷಡ್ಡಕ ಮಾತ್ರ ನದಿಯ ಹಡಗಿನಲ್ಲಿ ನಡುರಾತ್ರಿಯ ಬಫೆ ಇರುತ್ತದೆಯೇ ಎಂದು ಮಗಳಿಗೆ ಎರಡು ಸಲ ಮೆಸೇಜು ಹಾಕಿದ್ದಾರೆ.

ಹಡಗಿನ ವೈಫೈಗೆ ದುಡ್ಡು ಕಟ್ಟಲೇ ಎಂದು ಮಗಳು ಅಮ್ಮನನ್ನು ಕೇಳಿದಳಂತೆ. "ಬೇಡವೇ ಬೇಡ. ಕಟ್ಟಿದರೆ ನಿಮ್ಮಪ್ಪ ಬಿಳಿ ಅಂಗಿ ಯಾವ ಚೀಲದಲ್ಲಿದೆ ಅಂತ ನಡುಸಮುದ್ರಕ್ಕೆ ಫೋನ್ ಮಾಡ್ತಾರೆ" ಅಂದಳಂತೆ ನನ್ನಾಕೆ. ಹಾಗಾಗಿ ಈಗಲೇ ಕೇಳಿ ಬರೆದಿಟ್ಟುಕೊಂಡಿದ್ದೇನೆ: ನೀಲಿ ಚೀಲ, ಎಡಗಡೆ, ಸ್ವೆಟರಿನ ಕೆಳಗೆ.