ನಾಕು ತಂತಿ ಸಾಲದು

ಸೆಕೆಂಡಿಗೆ 300 ಮೆಗಾಬಿಟ್ ವೇಗ ಎಂದು ಹೇಳಿ ನಮ್ಮ ಮನೆಗೆ ಇಂಟರ್‌ನೆಟ್ ಕೊಟ್ಟು ಹೋದರಲ್ಲ, ಅಂದಿನಿಂದ ದಿನಕ್ಕೆ ಮೂರು ಹೊತ್ತು ವೇಗ ಅಳೆಯುವ ಚಟ ನನಗೆ ಅಂಟಿಕೊಂಡಿತು, ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿಕೊಳ್ಳುವ ಹಾಗೆ. ಬೆಳಗ್ಗೆ ಕಾಫಿಗೆ ಮುಂಚೆ 94. ಮಧ್ಯಾಹ್ನ ಊಟವಾದ ಮೇಲೆ 94. ರಾತ್ರಿ ಮಲಗುವಾಗಲೂ 94. ಒಂದಿಷ್ಟು ಏರಿಳಿತ ಇದ್ದಿದ್ದರೆ ಹಾಳಾಗಲಿ ಎಂದು ಸುಮ್ಮನಾಗುತ್ತಿದ್ದೆನೋ ಏನೋ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿದವನು ನಾನು. ಅಳೆದಾಗಲೆಲ್ಲ ಒಂದೇ ಅಂಕಿ ಬಂದರೆ ಅನುಮಾನ ಬರುತ್ತದೆ. ಲ್ಯಾಬಿನಲ್ಲಿ ಹಾಗೆ ಬರುತ್ತಿದ್ದುದು ಪಕ್ಕದವನ ರೆಕಾರ್ಡ್ ನೋಡಿ ಬರೆದವರಿಗೆ ಮಾತ್ರ.

ನಾಲ್ಕು ಸಲ ಫೋನ್ ಮಾಡಿದ ಮೇಲೆ ಒಬ್ಬ ಹುಡುಗ ಬಂದ. ಗೋಡೆಯ ಪೆಟ್ಟಿಗೆ ಬಿಚ್ಚಿ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಹೇಳಿದ: “ಸಾರ್, ಎಂಟು ತಂತಿ ಕೊಡೋ ಕಡೆ ನಾಲ್ಕೇ ಕೊಟ್ಟವ್ರೆ. ಈಥರ್‌ನೆಟ್‌ನಲ್ಲಿ ನಾಲ್ಕು ತಂತಿ ಅಂದ್ರೆ ನೂರೇ ಸಾರ್, ಅದರ ಮೇಲೆ ಏರಲ್ಲ.”

ನಾಲ್ಕು ತಂತಿ ಎಂದೊಡನೆ ಕನ್ನಡದವನ ತಲೆ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು. ಧಾರವಾಡದ ಬೇಂದ್ರೆಯವರಿಗೆ ‘ನಾಕುತಂತಿ’ಗಾಗಿ ಸಂದದ್ದು 1973ನೆಯ ಸಾಲಿನ ಜ್ಞಾನಪೀಠ. ಅದೇ 1973ರ ಮೇ 22ರಂದು, ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದ ಬಾಬ್ ಮೆಟ್ಕಾಫ್ ಎಂಬ ತರುಣ ಒಂದು ಟಿಪ್ಪಣಿ ಬರೆದು, ಕಂಪ್ಯೂಟರುಗಳನ್ನು ಒಂದೇ ತಂತಿಗೆ ಪೋಣಿಸುವ ತನ್ನ ಉಪಾಯಕ್ಕೆ ಈಥರ್‌ನೆಟ್ ಎಂದು ಹೆಸರಿಟ್ಟ. ಎರಡಕ್ಕೂ ಸಂಬಂಧವಿಲ್ಲ. ಆದರೂ ಹುಡುಗನಿಗೆ ಹೇಳಿದೆ. ಅವನು ಸ್ಕ್ರೂ ಉಗುಳಿ “ಹೌದಾ ಸಾರ್” ಎಂದ.

ಹೆಸರಿನ ಬಗ್ಗೆ ನನ್ನದೊಂದು ತಕರಾರಿದೆ. ವರ್ಷಕ್ಕೊಮ್ಮೆ ಕರಿಹಲಗೆಯ ಮೇಲೆ ಈಥರನ್ನು ಕೊಂದವನು ನಾನು. ಬೆಳಕು ಸಾಗಬೇಕಾದರೆ ಜಗತ್ತಿನ ತುಂಬ ಏನೋ ಒಂದು ತೆಳು ವಸ್ತು ಇರಲೇಬೇಕು ಎಂದು ಹಿಂದಿನವರು ಅಂದುಕೊಂಡಿದ್ದರು. 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಎಷ್ಟು ಹುಡುಕಿದರೂ ಅದು ಸಿಗಲಿಲ್ಲ. ಮುಂದೆ ಐನ್‌ಸ್ಟೈನ್ ಅದರ ತಿಥಿಯನ್ನೂ ಮಾಡಿ ಮುಗಿಸಿದರು. ಅಂಥ ಸತ್ತ ಹೆಸರನ್ನು ಕರೆತಂದು ಮೆಟ್ಕಾಫ್ ಒಂದು ಕೇಬಲ್ಲಿಗೆ ಇಟ್ಟ. ನಮ್ಮಲ್ಲೂ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತೇವೆ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಮೆಟ್ಕಾಫ್ ಮತ್ತು ಡೇವಿಡ್ ಬಾಗ್ಸ್ ಸೇರಿ ಕಟ್ಟಿದ ಮೊದಲ ಜಾಲದ ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಮೂರು ಎಂದು ಯಾಕೆ ಮಾಡಲಿಲ್ಲ? ಆಲ್ಟೊ ಎಂಬ ಅವರ ಕಂಪ್ಯೂಟರಿನ ಗಡಿಯಾರ 170 ನ್ಯಾನೊಸೆಕೆಂಡಿಗೊಮ್ಮೆ ಮಿಡಿಯುತ್ತಿತ್ತು. ಎರಡು ಮಿಡಿತಕ್ಕೆ ಒಂದು ಬಿಟ್ ಕಳಿಸಿದರು. ಲೆಕ್ಕ ಹಾಕಿದರೆ 2.94 ಬಂತು. ಮನೆಯಲ್ಲಿದ್ದ ಲೋಟವೇ ಅಳತೆಯಾದ ಹಾಗೆ.

ಆ ಜಾಲದ ನಡವಳಿಕೆ ಊಟದ ಹೊತ್ತಿನ ನಮ್ಮ ಮನೆಯ ಹರಟೆಯದ್ದೇ. ಎಲ್ಲರಿಗೂ ಒಂದೇ ಕೇಬಲ್ಲು. ಬೇರೆ ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಮೊದಲು ಕಿವಿಗೊಡು. ಇಲ್ಲದಿದ್ದರೆ ಶುರು ಮಾಡು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರೂ ನಿಲ್ಲಿಸಿ, ತಂತಮ್ಮ ಅದೃಷ್ಟಕ್ಕೆ ಬಿದ್ದಷ್ಟು ಹೊತ್ತು ಕಾದು ಮತ್ತೆ ನೋಡಿ. ಮತ್ತೆ ಡಿಕ್ಕಿಯಾದರೆ ಕಾಯುವ ಮಿತಿಯನ್ನು ಇಮ್ಮಡಿ ಮಾಡಿಕೊಳ್ಳಿ. ಹದಿನಾರು ಸಲ ಸೋತರೆ ಕೈಬಿಡಿ. ಹವಾಯಿ ದ್ವೀಪಗಳ ನಡುವೆ ನಾರ್ಮನ್ ಅಬ್ರಾಮ್ಸನ್ ಕಟ್ಟಿದ್ದ ರೇಡಿಯೊ ಜಾಲ ಮೆಟ್ಕಾಫ್‌ಗೆ ಇದರ ಸುಳಿವು ಕೊಟ್ಟದ್ದು. ನಮ್ಮ ಮನೆಯಲ್ಲಿ ಮಾತ್ರ ಡಿಕ್ಕಿಯಾದ ಮೇಲೆ ಸ್ವರ ಏರುತ್ತದೆ, ಯಾರೂ ನಿಲ್ಲಿಸುವುದಿಲ್ಲ.

ಇಲ್ಲಿಯವರೆಗೆ ಎಲ್ಲ ಸರಳ. ಒಂದೇ ಕಂಪನಿಯ ಮನೆವಾರ್ತೆ. ಬೇರೆ ಬೇರೆ ಕಂಪನಿಗಳ ಯಂತ್ರಗಳು ಒಂದೇ ತಂತಿಗೆ ಬರಬೇಕು ಎಂದಾಗ ತೊಡಕು ಶುರು. ನಮ್ಮಜ್ಜಿಯ ಊರಿನ ಸೇರಿಗೂ ಸಂತೆಯ ಸೇರಿಗೂ ಒಂದು ಹಿಡಿ ವ್ಯತ್ಯಾಸವಿತ್ತು. 1956ರಲ್ಲಿ ದೇಶಕ್ಕೆಲ್ಲ ಕಾಯಿದೆ ಬಂದು ಕಿಲೋ ಜಾರಿಯಾದ ಮೇಲೂ ಅಜ್ಜಿ ‘ನಮ್ಮ ಸೇರೇ ಸರಿ’ ಎನ್ನುತ್ತಿದ್ದಳು. ಕಂಪನಿಗಳೂ ಅಜ್ಜಿಯಂಥವೇ. 1980ರ ಫೆಬ್ರವರಿಯಲ್ಲಿ ಅಮೆರಿಕದ ಎಂಜಿನಿಯರುಗಳ ಸಂಸ್ಥೆ ಐಇಇಇ ಒಂದು ಸಮಿತಿ ಕೂಡಿಸಿತು. ಅದರ ಸಂಖ್ಯೆ 802. ಎಂಬತ್ತನೆಯ ಇಸವಿ, ಎರಡನೆಯ ತಿಂಗಳು, ಅದಕ್ಕೇ 802 ಎಂದು ಹೇಳುವವರಿದ್ದಾರೆ; ಸರದಿಯಲ್ಲಿ ಖಾಲಿ ಇದ್ದ ಸಂಖ್ಯೆ ಅದು, ಅಷ್ಟೇ, ಎನ್ನುವವರೂ ಇದ್ದಾರೆ. ಸಮಿತಿಯ ಹೆಸರಿನ ಬಗ್ಗೆಯೇ ಎರಡು ಅಭಿಪ್ರಾಯ!

ಅದೇ ವರ್ಷ ಡಿಜಿಟಲ್, ಇಂಟೆಲ್, ಜೆರಾಕ್ಸ್ ಮೂವರೂ ಕೂಡಿ ಹತ್ತು ಮೆಗಾಬಿಟ್ಟಿನ ಈಥರ್‌ನೆಟ್ ಎಂದು ಪುಸ್ತಕವನ್ನೇ ಅಚ್ಚು ಹಾಕಿಸಿಬಿಟ್ಟರು. ಐಬಿಎಂ ಅದನ್ನು ಒಪ್ಪಲಿಲ್ಲ. ಕೈಯಲ್ಲಿ ಟೋಕನ್ ಇದ್ದವರಷ್ಟೇ ಮಾತಾಡತಕ್ಕದ್ದು, ಟೋಕನ್ ಸುತ್ತುತ್ತಿರತಕ್ಕದ್ದು ಎಂಬ ಶಿಸ್ತಿನ ಪಂಥ ಅದರದು. ಮೋಟಾರು ಕಾರ್ಖಾನೆಯವರಿಗೆ ಇವೆರಡೂ ಬೇಡ, ಮೂರನೆಯದು ಬೇಕು. ಸಮಿತಿ ಏನು ಮಾಡಿತು? ಯಾರ ಮನಸ್ಸಿಗೂ ನೋವಾಗದ ಹಾಗೆ ಮೂರನ್ನೂ ಮಾನಕ ಮಾಡಿತು: 802.3, 802.4, 802.5. ಮಾನಕ ಎಂದರೆ ಎಲ್ಲರಿಗೂ ಒಂದೇ ಎಂದು ಪಾಠ ಮಾಡಿದ ನನ್ನಂಥವರು ಸುಮ್ಮನಿರಬೇಕು. 1983ರಲ್ಲಿ ಒಪ್ಪಿಗೆ ಪಡೆದ 802.3ಯೇ ಈಥರ್‌ನೆಟ್. ಉಳಿದ ಎರಡನ್ನು ಈಗ ಹುಡುಕಿದರೂ ಸಿಗುವುದಿಲ್ಲ. ಶಿಸ್ತು ಸೋತು ಹರಟೆ ಗೆದ್ದ ಅಪರೂಪದ ಪ್ರಸಂಗ ಇದು. ನನಗೆ ಒಳಗೊಳಗೇ ಖುಷಿ.

ಆಮೇಲೆ ವೇಗದ ಹುಚ್ಚು. 1995ರಲ್ಲಿ ನೂರು ಮೆಗಾಬಿಟ್. ಆಗ ಎಚ್‌ಪಿ ಕಂಪನಿಯ ಬಣಕ್ಕೆ ಸರಿಬರದೆ ಬೇರೆ ಸಮಿತಿಯಲ್ಲಿ ಬೇರೆ ಒಲೆ ಹೂಡಿಕೊಂಡಿತು. ಆ ಒಲೆ ಬೇಗ ಆರಿತು. 1998ರಲ್ಲಿ ಗಾಜಿನ ಎಳೆಯ ಮೇಲೆ ಸಾವಿರ, 1999ರಲ್ಲಿ ತಾಮ್ರದ ಮೇಲೆ ಸಾವಿರ, 2002ರಲ್ಲಿ ಹತ್ತು ಸಾವಿರ. ಪ್ರತಿ ತಿದ್ದುಪಡಿಗೂ ಇಂಗ್ಲಿಷಿನ ಒಂದು ಅಕ್ಷರ. ಝಡ್ ಮುಗಿದ ಮೇಲೆ ನಮ್ಮ ಆರ್‌ಟಿಒ ನಂಬರಿನ ಹಾಗೆ ಎಎ, ಎಬಿ ಎಂದು ಮುಂದುವರಿಸಿದರು. 2018ರ ಆವೃತ್ತಿಯ ಪುಸ್ತಕ ಐದೂವರೆ ಸಾವಿರ ಪುಟ ದಾಟಿದೆ.

ಇಷ್ಟೆಲ್ಲ ನನಗೆ ಗೊತ್ತಾದದ್ದು ತಂಗಿಯ ಮಗನಿಂದ. ಅವನು ಸ್ಯಾನ್ ಹೋಸೆಯಲ್ಲಿ ಚಿಪ್ ಮಾಡುವ ಕಂಪನಿಯಲ್ಲಿದ್ದಾನೆ, ವರ್ಷಕ್ಕೆ ಕೆಲವು ಸಲ ಈ ಸಮಿತಿಯ ಸಭೆಗೆ ಹೋಗುತ್ತಾನೆ. “ಏನೋ, ಇವತ್ತು ಏನು ತೀರ್ಮಾನ ಮಾಡಿದ್ರಿ?” ಎಂದು ಕೇಳಿದರೆ, “ಒಂದು ಡೆಸಿಬೆಲ್‌ನ ಹತ್ತನೇ ಒಂದು ಭಾಗಕ್ಕೆ ಮಧ್ಯಾಹ್ನವೆಲ್ಲ ಹೋಯ್ತು ಮಾವ” ಎನ್ನುತ್ತಾನೆ. ಜಗತ್ತಿನ ಅತಿ ವೇಗದ ತಂತಿಯನ್ನು ರೂಪಿಸುವ ಜನ ಇಷ್ಟು ನಿಧಾನಸ್ಥರು.

ಅಲ್ಲಿ ಓಟು ಕಂಪನಿಗಿಲ್ಲ, ಮನುಷ್ಯನಿಗೆ. ಅದೂ ಪುಕ್ಕಟೆ ಬರುವುದಿಲ್ಲ. ಸಭೆಗಳಿಗೆ ಹಾಜರಾಗಿ ಸಂಪಾದಿಸಬೇಕು. ತಾಂತ್ರಿಕ ವಿಷಯ ಪಾಸಾಗಲು ಶೇಕಡ 75 ಬೇಕು. ಈ ಸಂಖ್ಯೆ ನನಗೆ ಹಳೆಯ ಪರಿಚಯ. ಶೇಕಡ 75 ಹಾಜರಿ ಇಲ್ಲದವರನ್ನು ಪರೀಕ್ಷೆಗೆ ಕೂರಿಸಕೂಡದು ಎಂಬ ನಿಯಮದ ಕೆಳಗೆ ಎಷ್ಟು ತಾಯಂದಿರ ಕಣ್ಣೀರು ನೋಡಿದ್ದೇನೆ! ಅರ್ಧಕ್ಕಿಂತ ಒಂದು ಹೆಚ್ಚಾದರೆ ಸರ್ಕಾರವೇ ನಡೆಯುತ್ತದೆ; ತಂತಿಗೆ ಮಾತ್ರ ಮುಕ್ಕಾಲು ಪಾಲು ಬೇಕು. ಓಟಿಗೆ ಮುಂಚೆ ಜನರ ಒಲವು ತಿಳಿಯಲು ಕೈ ಎತ್ತಿಸುತ್ತಾರಂತೆ. ಅದರಲ್ಲೊಂದು ಬಗೆಗೆ ‘ಷಿಕಾಗೊ ನಿಯಮ’ ಎಂದು ಹೆಸರು: ನಿಮಗೆ ಒಪ್ಪಿಗೆಯಾದ ಎಲ್ಲ ಆಯ್ಕೆಗಳಿಗೂ ಕೈ ಎತ್ತಬಹುದು. ಒಬ್ಬನೇ ಹಲವು ಓಟು ಹಾಕುವ ಊರೆಂದು ಷಿಕಾಗೊಗೆ ಹಿಂದೊಂದು ಕಾಲದಲ್ಲಿ ಹೆಸರಿತ್ತು. ಎಂಜಿನಿಯರುಗಳಿಗೂ ಹಾಸ್ಯಪ್ರಜ್ಞೆ ಇದೆ ಎಂಬುದಕ್ಕೆ ನನಗೆ ಸಿಕ್ಕ ಏಕೈಕ ಪುರಾವೆ ಇದು.

ಕರಡು ತಯಾರಾದ ಮೇಲೆ ಯಾರು ಬೇಕಾದರೂ ಆಕ್ಷೇಪ ಬರೆಯಬಹುದು, ಅಲ್ಪವಿರಾಮದ ಮೇಲೆಯೂ. ಪ್ರತಿಯೊಂದಕ್ಕೂ ಲಿಖಿತ ಉತ್ತರ ಕೊಡಲೇಬೇಕು: ಒಪ್ಪಿದೆ, ಒಪ್ಪಿಲ್ಲ, ಅಥವಾ ತಾತ್ವಿಕವಾಗಿ ಒಪ್ಪಿದೆ. ಈ ಮೂರನೆಯದನ್ನು ಕೇಳಿ ನನಗೆ ತವರಿಗೆ ಬಂದಂತಾಯಿತು. ನನ್ನ ಪಿಂಚಣಿ ಫೈಲು ಹತ್ತೊಂಬತ್ತು ತಿಂಗಳು ತಾತ್ವಿಕವಾಗಿ ಒಪ್ಪಿಗೆಯಾಗಿತ್ತು.

2006ರಲ್ಲಿ ಶುರುವಾದ ಜಗಳ ಮಾತ್ರ ಸೊಗಸು. ಹತ್ತು ಸಾವಿರ ಮೆಗಾಬಿಟ್, ಅಂದರೆ ಹತ್ತು ಗಿಗಾಬಿಟ್ ಆದ ಮೇಲೆ ಮುಂದೇನು? ಪ್ರತಿಸಲವೂ ಹತ್ತರಿಂದ ಗುಣಿಸಿದ್ದಾಯಿತು, ಈಗಲೂ ನೂರು ಎಂದರು ಒಂದು ಕಡೆಯವರು. ನಮಗೆ ನಲವತ್ತು ಸಾಕು ಎಂದರು ಸರ್ವರ್ ಮಾಡುವವರು. ಇಬ್ಬರ ಬಳಿಯೂ ಲೆಕ್ಕವಿತ್ತು: ಜಾಲದ ನಡುಮನೆಯಲ್ಲಿ ಬೇಕಾಗುವ ವೇಗ ಸುಮಾರು 18 ತಿಂಗಳಿಗೆ ಇಮ್ಮಡಿಯಾಗುತ್ತದೆ, ಸರ್ವರಿನದು 24 ತಿಂಗಳಿಗೆ. ಆರು ತಿಂಗಳ ಈ ಅಂತರಕ್ಕೆ ಒಂದು ವರ್ಷದ ವಾದ. ಕೊನೆಗೆ 2007ರಲ್ಲಿ ನಲವತ್ತೂ ಇರಲಿ, ನೂರೂ ಇರಲಿ ಎಂದು ಮುಗಿಸಿದರು. 2010ರಲ್ಲಿ ಒಂದೇ ಮಾನಕದೊಳಗೆ ಎರಡೂ ಬಂದವು. ಒಮ್ಮೆ ಹತ್ತರ ಮಗ್ಗಿ ತಪ್ಪಿದ ಮೇಲೆ ಹದ್ದುಬಸ್ತೇ ಇಲ್ಲ. 2014ರಲ್ಲಿ ಗೂಗಲ್, ಮೈಕ್ರೊಸಾಫ್ಟ್ ಮೊದಲಾದವರು ತಮ್ಮದೇ ಕೂಟ ಕಟ್ಟಿಕೊಂಡು 25 ಬೇಕೆಂದರು. 2016ರಲ್ಲಿ ಅದೂ ಬಂತು. ಅದೇ ವರ್ಷ ಎರಡೂವರೆ ಮತ್ತು ಐದು ಬಂದವು. 2017ರಲ್ಲಿ 400, 2024ರಲ್ಲಿ 800.

ಮೆಟ್ಕಾಫ್ ವಿಷಯ ಮರೆತೆ. 1995ರಲ್ಲಿ ಆತ ಒಂದು ಅಂಕಣದಲ್ಲಿ, ಮುಂದಿನ ವರ್ಷ ಇಂಟರ್‌ನೆಟ್ ಕುಸಿದು ಬೀಳುತ್ತದೆ ಎಂದು ಭವಿಷ್ಯ ನುಡಿದ. ಬೀಳದಿದ್ದರೆ ಬರೆದದ್ದನ್ನು ತಿನ್ನುವುದಾಗಿಯೂ ಮಾತು ಕೊಟ್ಟಿದ್ದ. ಬೀಳಲಿಲ್ಲ. 1997ರಲ್ಲಿ ತುಂಬಿದ ಸಭೆಯಲ್ಲಿ ಆ ಹಾಳೆಯನ್ನು ಮಿಕ್ಸಿಗೆ ಹಾಕಿ ರುಬ್ಬಿ ತಿಂದ. ನಮ್ಮ ಜ್ಯೋತಿಷಿಗಳು ಗಮನಿಸಬೇಕು. ಈಥರ್‌ನೆಟ್ಟಿಗಾಗಿ ಆತನಿಗೆ 2022ರ ಟ್ಯೂರಿಂಗ್ ಪ್ರಶಸ್ತಿ ಬಂತು.

ನನ್ನ ಗೋಡೆಗೆ ವಾಪಸ್ ಬರೋಣ. ಕೇಬಲ್ಲಿನೊಳಗೆ ಎಂಟು ತಂತಿ, ನಾಲ್ಕು ಜೋಡಿ. ಪ್ರತಿ ಜೋಡಿಯನ್ನೂ ಹುರಿ ಮಾಡಿರುತ್ತಾರೆ, ಆ ಹುರಿಯೂ ಜೋಡಿಯಿಂದ ಜೋಡಿಗೆ ಬೇರೆ. ಇಲ್ಲದಿದ್ದರೆ ಒಂದು ಜೋಡಿಯ ಮಾತು ಪಕ್ಕದ ಜೋಡಿಯ ಕಿವಿಗೆ ಬೀಳುತ್ತದೆ. ನೂರು ಮೆಗಾಬಿಟ್ಟಿಗೆ ಕಿತ್ತಳೆ ಮತ್ತು ಹಸಿರು ಜೋಡಿ ಸಾಕು: ಒಂದರಲ್ಲಿ ಹೇಳುವುದು, ಇನ್ನೊಂದರಲ್ಲಿ ಕೇಳುವುದು. ಸಾವಿರಕ್ಕೆ ನಾಲ್ಕೂ ಜೋಡಿ ಬೇಕು. 1999ರ ಸಮಿತಿಯವರ ಮೇಲೆ ನನಗೆ ಗೌರವ ಬಂದದ್ದು ಇಲ್ಲಿ. ಆಗಲೇ ಕಚೇರಿಗಳ ಗೋಡೆಯೊಳಗೆ ಹೂತುಹೋಗಿದ್ದ ತಂತಿಯನ್ನು ಕೀಳಿಸದೆ, ಮೊದಲಿದ್ದ ನೂರು ಮೀಟರ್ ಉದ್ದದ ಮಿತಿಯಲ್ಲೇ ಹತ್ತು ಪಟ್ಟು ಕೆಲಸ ತೆಗೆದರು. ಪ್ರತಿ ಜೋಡಿಗೆ 250 ಮೆಗಾಬಿಟ್, ನೂರು ಮೆಗಾಬಿಟ್ಟಿನ ಮೂರು ಮಟ್ಟದ ಬದಲು ವೋಲ್ಟೇಜಿನ ಐದು ಮಟ್ಟ. ಸಾಲದ್ದಕ್ಕೆ ಒಂದೇ ಜೋಡಿಯ ಎರಡು ತುದಿಯಿಂದಲೂ ಏಕಕಾಲಕ್ಕೆ ಮಾತು. ತನ್ನ ದನಿಯ ಪ್ರತಿಧ್ವನಿಯನ್ನು ಕಳೆದು ಎದುರಿನವರದನ್ನಷ್ಟೇ ಕೇಳಿಸಿಕೊಳ್ಳುವ ವಿದ್ಯೆ. ನಲವತ್ತು ವರ್ಷದ ಸಂಸಾರದಲ್ಲಿ ನಮಗಿಬ್ಬರಿಗೂ ಇದು ಸಿದ್ಧಿಸಿಲ್ಲ.

“ಹಾಗಾದರೆ ನೀಲಿ ಜೋಡಿ, ಕಂದು ಜೋಡಿ ಎಲ್ಲಿಗೆ ಹೋದವು?” ಎಂದು ಹುಡುಗನನ್ನು ಕೇಳಿದೆ. ಅವನು ಟಾರ್ಚ್ ಹಿಡಿದು ತಂತಿಯ ಜಾಡು ಹಿಡಿದ. ಕಂದು ಜೋಡಿ ಕತ್ತರಿಸಿಕೊಂಡು ಸುಮ್ಮನೆ ಮಲಗಿತ್ತು. ನೀಲಿ ಜೋಡಿ ಹೊಸ್ತಿಲ ಮೇಲೆ ಹಾದು ಹೊರಗೆ ಹೋಗಿ, ಮನೆ ಕಟ್ಟಿದ ಕಾಲದ ಯಾರೋ ಪುಣ್ಯಾತ್ಮ ಮಾಡಿದ ಉಳಿತಾಯದಿಂದಾಗಿ, ಕಾಲಿಂಗ್ ಬೆಲ್ಲಿನ ಗುಂಡಿಗೆ ಸೇರಿತ್ತು.

ಸಂಜೆಗೆ ಎಂಟೂ ತಂತಿ ಜೋಡಣೆಯಾಯಿತು. ಈಗ ಮೂರು ಹೊತ್ತೂ 290ರ ಆಸುಪಾಸು, ಅದೂ ಸ್ವಲ್ಪ ಏರಿಳಿಯುತ್ತಾ, ನಂಬುವ ಹಾಗೆ. ನಮ್ಮ ಮನೆಗೆ ಬರುವವರಲ್ಲಿ ಒಂದು ವಿನಂತಿ: ಬೆಲ್ ಒತ್ತಬೇಡಿ, ಅದಕ್ಕೆ ತಂತಿ ಇಲ್ಲ. ಬಾಗಿಲು ತಟ್ಟಿ.