ಯಾವ ಡಿಪಾರ್ಟ್‌ಮೆಂಟು?

ಪ್ಯಾಕೇಜ್ ಟೂರಿನಲ್ಲಿ ಬಂದವರನ್ನು ಯಾವ ಊರಿನಲ್ಲೂ ಯಾರೂ ವಿಚಾರಿಸುವುದಿಲ್ಲ. ಬಸ್ಸಿನ ಮುಂದೆ ಬ್ಯಾನರು ಕಟ್ಟಿರುತ್ತದೆ, ಎಲ್ಲರ ತಲೆಯ ಮೇಲೂ ಒಂದೇ ಬಣ್ಣದ ಟೋಪಿ ಇರುತ್ತದೆ, ಇಳಿದ ಕೂಡಲೇ ಮೊದಲು ಶೌಚಾಲಯ, ಆಮೇಲೆ ದೇವರು, ಆಮೇಲೆ ಊಟ ಎಂಬ ಕ್ರಮವಿರುತ್ತದೆ. ಅನುಮಾನಕ್ಕೆ ಆಸ್ಪದವೇ ಇಲ್ಲ. ಅದೇ, ಹಬ್ಬವೂ ಅಲ್ಲದ ಜಾತ್ರೆಯೂ ಅಲ್ಲದ ಒಂದು ಮಂಗಳವಾರ ಮಧ್ಯಾಹ್ನ, ಹೆಂಡತಿ ಮಕ್ಕಳನ್ನು ಕಟ್ಟಿಕೊಳ್ಳದೆ, ಹೆಗಲಿಗೊಂದು ಚೀಲ ಹಾಕಿಕೊಂಡು ಒಬ್ಬರೇ ಕೆಂಪು ಬಸ್ಸಿನಿಂದ ಇಳಿದು ನೋಡಿ. ಅರಳಿಕಟ್ಟೆಯ ಮೇಲೆ ಕೂತವರು ಬಾಯಲ್ಲಿದ್ದ ಬೀಡಿ ತೆಗೆಯುತ್ತಾರೆ. ಬಸ್ಸು ಎಬ್ಬಿಸಿದ ಧೂಳು ಕೂರುವ ಮೊದಲೇ ಪ್ರಶ್ನೆ ಬರುತ್ತದೆ: “ಯಾವ ಡಿಪಾರ್ಟ್‌ಮೆಂಟು?”

ಈ ಪ್ರಶ್ನೆಗೆ ಕೊಡಬಾರದ ಉತ್ತರವೆಂದರೆ ನಿಜವಾದ ಉತ್ತರ. “ಸುಮ್ಮನೆ ನೋಡೋಕೆ ಬಂದೆ” ಎಂದರೆ ಮುಗಿಯಿತು. ಸುಮ್ಮನೆ ಯಾರೂ ಎಲ್ಲಿಗೂ ಹೋಗುವುದಿಲ್ಲ ಎಂಬುದು ಎಲ್ಲ ಊರುಗಳಿಗೂ ಗೊತ್ತು. ಏನನ್ನು ನೋಡೋಕೆ ಎಂದರೆ ಗೋಡೆ, ಛಾವಣಿ, ಬುಟ್ಟಿ ಎಂದು ಹೇಳಬೇಕಾಗುತ್ತದೆ. ಅದು ಇನ್ನೂ ಕಷ್ಟ. ಹೀಗಾಗಿ ನಾನು ಇದುವರೆಗೆ ಜಮೀನು ಅಳೆಯುವ ಸರ್ವೇಯರ್ ಆಗಿದ್ದೇನೆ, ಬ್ಯಾಂಕಿನ ಸಾಲ ವಸೂಲಿಯವನಾಗಿದ್ದೇನೆ, ಎಲ್‌ಐಸಿ ಏಜೆಂಟನಾಗಿದ್ದೇನೆ. ಒಂದು ಊರಿನಲ್ಲಂತೂ ಸಿನಿಮಾದವರು ಲೊಕೇಶನ್ ನೋಡಲು ಕಳಿಸಿದವನೆಂದು ಕಾಫಿ ಕೂಡ ಸಿಕ್ಕಿತು. ನಮ್ಮ ಮನೆಯ ಅಭಿಪ್ರಾಯವೂ ಇದಕ್ಕಿಂತ ಬೇರೆಯಲ್ಲ. “ಊರೂರು ತಿರುಗಿ ಕಂಡವರ ಮನೆ ಗೋಡೆ ನೋಡ್ತೀರಿ, ನಮ್ಮ ಬಚ್ಚಲುಮನೆ ಗೋಡೆ ಮಳೆಗಾಲದಿಂದ ಒಸರ್ತಾ ಇದೆ, ಅದನ್ನೂ ಒಂದ್ಸಲ ನೋಡಿ” ಎಂಬ ಆಹ್ವಾನ ಹೊರಡುವಾಗೆಲ್ಲ ಸಿಗುತ್ತದೆ.

ತುಮಕೂರು ದಾಟಿ ಶಿರಾ ಕಡೆ ಹೋಗುವ ಹೆದ್ದಾರಿಯಲ್ಲಿ ಸೀಬಿ ಎಂಬ ಊರಿದೆ. ಬೆಂಗಳೂರಿನಿಂದ ಪುಣೆಯ ದಿಕ್ಕಿಗೆ ಹೊರಟ ಲಾರಿ ಕಾರುಗಳೆಲ್ಲ ಅದರ ಪಕ್ಕದಲ್ಲೇ ಹಾದುಹೋಗುತ್ತವೆ, ನಿಲ್ಲುವವರು ಕಡಿಮೆ. ಅಲ್ಲಿನ ನರಸಿಂಹಸ್ವಾಮಿ ದೇವಸ್ಥಾನದ ಮುಖಮಂಟಪದ ಛಾವಣಿಯ ತುಂಬ ಚಿತ್ರಗಳಿವೆ. ರಾಮಾಯಣ, ಕೃಷ್ಣನ ಲೀಲೆ, ನರಸಿಂಹನ ಕಥೆ, ಅವುಗಳ ಜೊತೆಗೇ ರಾಜರ ದರ್ಬಾರು. ಟಿಪ್ಪು ಸುಲ್ತಾನನ ಆಡಳಿತದಲ್ಲಿ ದಿವಾನರಾಗಿದ್ದ ಕಚೇರಿ ಕೃಷ್ಣಪ್ಪನವರ ಮಕ್ಕಳು ಲಕ್ಷ್ಮೀನರಸಪ್ಪ, ಪುಟ್ಟಣ್ಣ ಮತ್ತು ನಲ್ಲಪ್ಪ ಕಟ್ಟಿಸಿದ ದೇವಸ್ಥಾನ ಇದು. ತಂದೆಯ ಹೆಸರಿನಲ್ಲೇ ಕಚೇರಿ ಇದ್ದವರನ್ನು ಯಾವ ಡಿಪಾರ್ಟ್‌ಮೆಂಟು ಎಂದು ಯಾರೂ ಕೇಳಿರಲಾರರು. ಛಾವಣಿಯ ಚಿತ್ರಗಳ ತೊಂದರೆಯೆಂದರೆ ಕತ್ತು. ಐದು ನಿಮಿಷ ನಿಂತು ನೋಡುವಷ್ಟರಲ್ಲಿ ಲಂಕೆಯೂ ದ್ವಾರಕೆಯೂ ಒಟ್ಟಿಗೆ ತಿರುಗತೊಡಗುತ್ತವೆ. ಟವಲು ಹಾಸಿ ಅಂಗಾತ ಮಲಗಿಬಿಟ್ಟೆ. ಮಲಗಿದರೆ ಎಲ್ಲ ಸರಾಗ: ಪೇಟ ತೊಟ್ಟವರ ಸಾಲುಗಳು ಒಬ್ಬರ ಹಿಂದೊಬ್ಬರು ಪಕ್ಕಕ್ಕೆ ಮುಖ ಮಾಡಿ ಕೂತಿದ್ದಾರೆ, ಯಾರಿಗೂ ಅವಸರವಿಲ್ಲ. ಕಣ್ಣು ಅರೆಮುಚ್ಚಿ ನೋಡುತ್ತಿರುವಾಗ ಮುಖದ ಮೇಲೆ ತಣ್ಣೀರು ಬಿತ್ತು. ಹೂವು ಕಟ್ಟುತ್ತ ಕೂತಿದ್ದ ಅಜ್ಜಿ ಚೊಂಬು ಹಿಡಿದು ನಿಂತಿದ್ದರು.

ಅಜ್ಜಿಯದೇನೂ ತಪ್ಪಿಲ್ಲ. ಆ ಜಾಗದಲ್ಲಿ ಮೂರ್ಛೆ ಹೋಗುವುದಕ್ಕೆ ಪುರಾಣದ ಬೆಂಬಲವೇ ಇದೆ. ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಹೊರಟಿದ್ದ ವ್ಯಾಪಾರಿಯೊಬ್ಬ ಇಲ್ಲಿ ತಂಗಿದನಂತೆ. ಬಂಡೆಯ ಮೇಲೆ ಅಡುಗೆಗೆ ಇಟ್ಟಾಗ ಪಾತ್ರೆಯಲ್ಲಿ ಬೇಯುತ್ತಿದ್ದ ಕಾಳು ರಕ್ತದ ಬಣ್ಣಕ್ಕೆ ತಿರುಗಿ, ಅದನ್ನು ಕಂಡವರೆಲ್ಲ ಪ್ರಜ್ಞೆ ತಪ್ಪಿ ಬಿದ್ದರಂತೆ. ಆ ಬಂಡೆಯಲ್ಲಿ ಇದ್ದವನು ನರಸಿಂಹ. ಒಲೆ ಹೂಡಿದ ತಪ್ಪಿಗೆ ಗುಡಿ ಕಟ್ಟಿಸು ಎಂದು ಅಪ್ಪಣೆಯಾಯಿತು ಎನ್ನುತ್ತದೆ ಸ್ಥಳಪುರಾಣ. ನನಗೆ ಅಂಥ ಅಪ್ಪಣೆಯೇನೂ ಆಗಿಲ್ಲ ಎಂದು ಖಾತ್ರಿಯಾದ ಮೇಲೆ ಅಜ್ಜಿ ಛಾವಣಿ ತೋರಿಸಿ ಕೇಳಿದರು: “ಬಣ್ಣ ಹೊಡೆಸೋಕೆ ಬಂದ್ರಾ ಸ್ವಾಮಿ? ಹೊಡೆಸಿ, ಪಾಪ, ಮಾಸಿಹೋಗೈತೆ.” ನಿಜವಾಗಿ ಮೂರ್ಛೆ ಬರುವಂತಾದದ್ದು ಆಗಲೇ. ಎನಾಮಲ್ ಪೇಂಟಿನ ಡಬ್ಬವನ್ನು ಕಣ್ಣ ಮುಂದೆ ಕಂಡು, ನಾನು ಅಂಥ ಯಾವ ಇಲಾಖೆಗೂ ಸೇರಿದವನಲ್ಲ ಎಂದು ದೇವರ ಎದುರಿಗೇ ಪ್ರಮಾಣ ಮಾಡಿದೆ.

ಸಾಗರ ಸೀಮೆಯಲ್ಲಿ ನನ್ನ ಉದ್ಯೋಗ ಬೇರೆಯಾಯಿತು. ಅಲ್ಲಿನ ದೀವರ ಮನೆಗಳಲ್ಲಿ ಹೆಂಗಸರು ಬರೆಯುವ ಚಿತ್ತಾರವನ್ನು ಅದರ ಗೋಡೆಯ ಮೇಲೆಯೇ ನೋಡಬೇಕೆಂಬ ಆಸೆ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಅರೆದ ಬಿಳಿ, ಹುರಿದು ಕಪ್ಪಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಇಷ್ಟೇ ಬಂಡವಾಳ. ಕುಂಚವೆಂದರೆ ಪುಂಡಿ ನಾರು. ಸ್ಕೇಲು, ಪೆನ್ಸಿಲು, ರಬ್ಬರು ಏನೂ ಇಲ್ಲದೆ ಎಳೆದ ಗೆರೆಗಳು; ಎಂಜಿನಿಯರಿಂಗ್ ಡ್ರಾಯಿಂಗಿನಲ್ಲಿ ಕಷ್ಟಪಟ್ಟು ಪಾಸಾದವರು ಆ ಕಡೆ ನೋಡದಿರುವುದು ಒಳ್ಳೆಯದು. ಮದುವೆಯಲ್ಲಿ ಹುಡುಗ ಹುಡುಗಿ ಹಸೆಗೆ ಕೂರುವ ಜಾಗದ ಗೋಡೆಗೆ ಬರೆಯುವುದು ಹಸೆಗೋಡೆ ಚಿತ್ತಾರ. ಇದು ಮೊದಲೇ ಗೊತ್ತಿದ್ದರೂ ನಾನು ಜಗಲಿ ಹತ್ತಿ, “ಹಸೆಗೋಡೆ ನೋಡಬೇಕಿತ್ತು” ಎಂದೆ. ಒಳಗೆ ಗುಸುಗುಸು ಶುರುವಾಯಿತು. ನೀರು ಬೆಲ್ಲ ಬಂತು, ಚಾ ಬಂತು, ಚಾದ ಹಿಂದೆ ಮನೆಯ ಹಿರಿಯರೂ ಬಂದರು. “ಹುಡುಗ ಏನ್ ಮಾಡ್ಕಂಡಿದಾನೆ?” ಎಂದು ಕೇಳಿದರು. ಯಾವ ಹುಡುಗ? ನನ್ನ ಕಡೆಯ ಹುಡುಗ. ನಾನು ಹೆಣ್ಣು ಗೊತ್ತುಮಾಡುವ ಬ್ರೋಕರು.

ಗೋಡೆ ಮಾತ್ರ ನೋಡಿ ಹೋಗುತ್ತೇನೆ ಎಂದಾಗ ಅವರ ಮುಖದಲ್ಲಿ ಕಂಡ ನಿರಾಶೆಗೆ ಏನು ಪರಿಹಾರ ಕೊಡಲಿ? ಆದರೂ ಮನೆಯ ಅಜ್ಜಿ ಅಟ್ಟದಿಂದ ಒಂದು ಬುಟ್ಟಿ ಇಳಿಸಿ ತೋರಿಸಿದರು. ಭೂಮಣ್ಣಿ ಬುಟ್ಟಿ. ಭೂಮಿ ಹುಣ್ಣಿಮೆ ಹೊತ್ತಿಗೆ ಗದ್ದೆಯಲ್ಲಿ ಭತ್ತ ತೆನೆಯೊಡೆಯುತ್ತಿರುತ್ತದೆ, ಭೂಮಿ ಬಸುರಿ, ಬಸುರಿಗೆ ಬಯಕೆಯ ಊಟ ಆಗಬೇಕಲ್ಲ. ಆ ಅಡುಗೆಯನ್ನು ಗದ್ದೆಗೆ ಹೊತ್ತು ಒಯ್ಯುವ ಬುಟ್ಟಿ ಇದು. ಬಿದಿರಿನ ಮೇಲೆ ಕೆಮ್ಮಣ್ಣು ಬಳಿದು, ಅದರ ಮೇಲೆ ಸುತ್ತಲೂ ಚಿಕ್ಕ ಚಿಕ್ಕ ಚಿತ್ತಾರ. “ಇದನ್ನ ಶೋಕೇಸಲ್ಲಿ ಇಡ್ತಾರಂತೆ ಪೇಟೇಲಿ” ಎಂದು ಅಜ್ಜಿ ನಕ್ಕರು, “ಅನ್ನ ಹಾಕದೇ ಇದ್ರೆ ಅದು ಎಂಥ ಬುಟ್ಟಿ?” ಆಗ ನನಗೂ ಒಂದು ಸಂಗತಿ ಹೊಳೆಯಿತು. ನಾನು ಹುಡುಕಿಕೊಂಡು ಹೋದ ಕಲೆಗಳೆಲ್ಲ ಕೆಲಸದಲ್ಲಿ ಇರುವಂಥವು. ಗೋಡೆಗೆ ಮದುವೆ ಮಾಡಿಸುವ ಕೆಲಸ, ಬುಟ್ಟಿಗೆ ಬಾಣಂತನದ ಮುಂಚಿನ ಕೆಲಸ. ಇವುಗಳ ನಡುವೆ ಕೆಲಸವಿಲ್ಲದೆ ನಿಂತವನು ನಾನೊಬ್ಬನೇ. ಹಾಗಿರುವಾಗ ಊರವರು ನನಗೊಂದು ಕೆಲಸ ಹುಡುಕಿ ಕೊಡುವುದರಲ್ಲಿ ಅನ್ಯಾಯವೇನಿದೆ?

ಉಡುಪಿ ಜಿಲ್ಲೆಯ ಶಿರಿಯಾರದ ಬಳಿಯ ಮೆಕ್ಕೆಕಟ್ಟಿನಲ್ಲಿ ಕೆಲಸ ಬೇಡವೆಂದರೂ ಬಿಡುವಂತಿರಲಿಲ್ಲ. ಅಲ್ಲಿನ ನಂದಿಕೇಶ್ವರ ದೇವಸ್ಥಾನದಲ್ಲಿ ಮರದ ಭೂತಗಳ ಒಂದು ದೊಡ್ಡ ಸಂಸಾರವೇ ಇದೆ. ಕೆಂಪೆಂದರೆ ಕಣ್ಣಿಗೆ ರಾಚುವ ಕೆಂಪು. ಆಳೆತ್ತರವನ್ನು ಮೀರಿದವರು, ಕಣ್ಣು ಅರಳಿಸಿ ನಿಂತವರು, ಹಿಂದಿನಿಂದ ಹಣಕುವವರು. ಯಾವ ಆರ್ಟ್ ಗ್ಯಾಲರಿಯಲ್ಲೂ ಶಿಲ್ಪಗಳು ನೋಡುಗನನ್ನು ಹೀಗೆ ತಿರುಗಿ ನೋಡಿ ತೂಗುವುದಿಲ್ಲ. ನನ್ನ ಜೇಬಿನಲ್ಲಿ ಎಷ್ಟಿದೆ, ಮನಸ್ಸಿನಲ್ಲಿ ಏನಿದೆ ಎಂದು ಅವುಗಳಿಗೆ ಗೊತ್ತಾಗಿಹೋದಂತಿತ್ತು. ಹಿಂದಿನಿಂದ ಯಾರೋ, “ನಿಮ್ದ್ ಎಲ್ಲಾಯ್ತ್?” ಎಂದರು. ಹೇಳಿದೆ. “ಎಂತ ತೊಂದ್ರಿ?” ಎಂದರು. ತೊಂದರೆ ಏನಿಲ್ಲ ಎಂದೆ. ಅವರು ನಂಬಲಿಲ್ಲ. ಅಷ್ಟು ದೂರದಿಂದ ಒಬ್ಬನೇ ಬಂದವನಿಗೆ ತೊಂದರೆ ಇಲ್ಲದಿರಲು ಸಾಧ್ಯವೇ? ಜಾಗದ ತಕರಾರೋ, ಕಳವೋ, ಮನೆಯಲ್ಲಿ ಅನಾರೋಗ್ಯವೋ ಎಂದು ಮೆಲ್ಲಗೆ ಒಂದೊಂದಾಗಿ ಸೂಚಿಸಿದರು. ಎರಡನೆಯ ಸೂಚನೆಯ ಹೊತ್ತಿಗೆ, ನೆರೆಮನೆಯವರು ನಮ್ಮ ಕಾಂಪೌಂಡಿನ ಮೇಲೆ ಮಾವಿನ ಕೊಂಬೆ ಇಳಿಬಿಟ್ಟಿರುವ ವಿಷಯ ನನ್ನ ಬಾಯಿಯ ತುದಿಗೆ ಬಂದಿತ್ತು. ಅಷ್ಟು ಸಣ್ಣ ಮೊಕದ್ದಮೆಗೆ ಅಷ್ಟು ದೊಡ್ಡ ನ್ಯಾಯಪೀಠ ಬೇಡವೆಂದು ನುಂಗಿಕೊಂಡೆ.

ಆದರೆ ಇಲ್ಲಿನ ಹಳೆಯ ಮೂರ್ತಿಗಳಲ್ಲಿ ಕೆಲವು ಈಗ ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಮ್ಮಿನಲ್ಲಿವೆ. ಜೀರ್ಣವಾದವನ್ನು ಬದಲಾಯಿಸಿ ಹೊಸವನ್ನು ಮಾಡಿಸಿದಾಗ ಅವು ಅತ್ತ ಹೋದವು. ರಾಜಧಾನಿಗೆ ವರ್ಗವಾದವರನ್ನು ಕಂಡರೆ ಊರಲ್ಲೇ ಉಳಿದವರಿಗೆ ಸ್ವಲ್ಪ ಹೊಟ್ಟೆಕಿಚ್ಚು ಇರುತ್ತದೆ ನಿಜ. ಈ ವಿಷಯದಲ್ಲಿ ಹಾಗಿಲ್ಲ. ದೆಹಲಿಯಲ್ಲಿ ಯಾರೂ ಅವುಗಳ ಮುಂದೆ ನಿಂತು ದನ ಕಳೆದುಹೋಗಿದೆ ಎಂದು ಹೇಳುವುದಿಲ್ಲ. ನೋಡುತ್ತಾರೆ, ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆಯುತ್ತಾರೆ, ಮುಂದಿನ ಕೋಣೆಗೆ ನಡೆಯುತ್ತಾರೆ. ಕೆಲಸವಿಲ್ಲದ ಸಂಬಳದ ಹುದ್ದೆ.

ಕಾವಿ ಕಲೆಯ ಬಗ್ಗೆ ಹೆಚ್ಚು ಬರೆಯಲಾರೆ, ಬರೆದರೆ ಸಿಟ್ಟು ಬರುತ್ತದೆ. ಕುಮಟಾ, ಅಂಕೋಲೆಯಿಂದ ಗೋವಾದವರೆಗೆ ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಗೆ ಸುಣ್ಣದ ಗಾರೆ ಬಳಿದು, ಅದರ ಮೇಲೆ ಕೆಂಪು ಮಣ್ಣಿನ ತೆಳು ಪದರ ಹಾಕಿ, ಅದು ಹಸಿಯಾಗಿರುವಾಗಲೇ ಚೂಪು ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಹೊರಗೆ ತರುವ ಚಿತ್ರ ಅದು. ಕರಾವಳಿಯ ಮಳೆಯನ್ನೂ ಉಪ್ಪುಗಾಳಿಯನ್ನೂ ತಲೆಮಾರುಗಟ್ಟಲೆ ತಡೆದುಕೊಂಡ ಈ ಗೋಡೆಗಳಿಗೆ ತಡೆಯಲಾಗದ್ದು ಜೀರ್ಣೋದ್ಧಾರ ಸಮಿತಿಯನ್ನು. ಒಂದು ಊರಿನಲ್ಲಿ ಕಾವಿ ಗೋಡೆ ಎಲ್ಲಿ ಎಂದು ಕೇಳಿದ್ದಕ್ಕೆ ಹೊಳೆಯುವ ಟೈಲ್ಸ್ ತೋರಿಸಿ, “ಇದರ ಹಿಂದೆ” ಎಂದರು. ದಾನಿಗಳ ಹೆಸರಿನ ಫಲಕ ಮಾತ್ರ ಟೈಲ್ಸಿನ ಮುಂದೆಯೇ ಇತ್ತು. ನನ್ನನ್ನು ಟೈಲ್ಸ್ ಅಂಗಡಿಯವನೆಂದು ತಿಳಿದು, ಮೂಲೆಯಲ್ಲಿ ಎರಡು ಬಿರುಕು ಬಿಟ್ಟಿವೆ, ಬದಲಾಯಿಸಿ ಕೊಡಿ ಎಂದೂ ಹೇಳಿದರು.

ಕೊಪ್ಪಳದ ಹತ್ತಿರದ ಕಿನ್ನಾಳಕ್ಕೆ ಹೋದಾಗ ನಾನು ಸಗಟು ವ್ಯಾಪಾರಿ. “ಎಷ್ಟ್ ಡಜನ್ ಬೇಕ್ರೀ?” ಎಂಬಲ್ಲಿಂದಲೇ ಮಾತು ಶುರು. ಚಿತ್ರಗಾರರ ಮನೆಗಳಲ್ಲಿ ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಕೈಕಾಲು ಜೋಡಿಸಿ, ಸೆಣಬಿನ ಚೂರು, ಮರದ ಹೊಟ್ಟು ಕಲಸಿದ ಕಿಟ್ಟ ಮೆತ್ತಿ ಮೈ ತುಂಬಿಸುತ್ತಾರೆ. ಒಡವೆಗಳಿಗೆ ಚಿನ್ನದ ಮಿನುಗು ಬರುವುದು ತವರದಿಂದ. ಆ ವಿದ್ಯೆಗೆ ಲಾಜವರ ಎನ್ನುತ್ತಾರೆ. ಚಿನ್ನದ ಈಗಿನ ಬೆಲೆಗೆ ಈ ವಿದ್ಯೆ ನಮ್ಮ ಮನೆಯಲ್ಲೂ ಗೊತ್ತಿದ್ದರೆ ಚೆನ್ನಾಗಿತ್ತು. ಡಜನ್ನಿನಿಂದ ಇಳಿಯುತ್ತ ಇಳಿಯುತ್ತ ಕೊನೆಗೆ ಒಂದು ಗರುಡನಿಗೆ ನಾನು ಒಪ್ಪಿದೆ, ಅವರು ಒಪ್ಪಿದರು. ರೆಕ್ಕೆ ಬಿಚ್ಚಿ, ಕೈ ಮುಗಿದು, ಚೂಪು ಮೂಗು ಮುಂದೆ ಮಾಡಿದ ಗರುಡ. ಹಳೆಯ ಪತ್ರಿಕೆಯಲ್ಲಿ ಸುತ್ತಿಸಿಕೊಂಡು ಹೊಸಪೇಟೆ ಬಸ್ಸು ಹತ್ತಿದೆ.

ಬಸ್ಸಿನ ಮೊದಲ ಕುಲುಕಿಗೇ ಮೂಗು ಪತ್ರಿಕೆ ಹರಿದು ಹೊರಬಂತು. ಎರಡನೆಯ ಕುಲುಕಿಗೆ ಒಂದು ಕಣ್ಣು. ಪಕ್ಕದಲ್ಲಿ ನಿಂತಿದ್ದ ಹೆಂಗಸು, “ದೇವ್ರೇನ್ರೀ?” ಎಂದರು. ಹೌದೆಂದರೂ ಕಷ್ಟ, ಅಲ್ಲವೆಂದರೂ ಕಷ್ಟ. ತಲೆಯನ್ನು ಎರಡೂ ಅರ್ಥ ಬರುವಂತೆ ಆಡಿಸಿದೆ. ಅವರು ಕೈಮುಗಿದು ಹತ್ತು ರೂಪಾಯಿಯ ನೋಟನ್ನು ರೆಕ್ಕೆಯ ಸಂದಿಗೆ ಸಿಕ್ಕಿಸಿದರು. ಅಷ್ಟರಲ್ಲಿ ಕಂಡಕ್ಟರು ಬಂದು ಲಗೇಜು ಟಿಕೆಟ್ಟು ತೆಗೆದುಕೊಳ್ಳಬೇಕು ಎಂದ. ಹಿಂದಿನ ಸೀಟಿನಿಂದ ರುಮಾಲಿನ ಹಿರಿಯರು ಎದ್ದೇಬಿಟ್ಟರು. “ಏ ತಮ್ಮಾ, ವಿಷ್ಣೂನ್ನ ಹೊತ್ಕೊಂಡ್ ತಿರುಗೋ ದೇವ್ರಿಗೆ ಎಂಥಾ ಲಗೇಜೋ?” ಎಂದರು. ಬಸ್ಸು ಅವರ ಪಕ್ಷ ವಹಿಸಿತು. ಕಂಡಕ್ಟರು ಟಿಕೆಟ್ ಯಂತ್ರ ಕೆಳಗಿಳಿಸಿ, ದನಿಯನ್ನೂ ಇಳಿಸಿ ಕೇಳಿದ: “ಸ್ವಾಮ್ಯಾರ, ಗುಡಿ ಯಾವೂರಾಗ ಐತ್ರೀ?”

ಉತ್ತರ ಹೇಳುವ ಅಗತ್ಯ ಬೀಳಲಿಲ್ಲ. ಮುಂದಿನ ಸೀಟಿನ ತಾಯಿಯೊಬ್ಬಳು ಅಷ್ಟೊತ್ತಿಗೆ ಕೂಸನ್ನು ನನ್ನ ತೊಡೆಗೆ ಇಳಿಸಿದ್ದಳು. “ರಾತ್ರಿ ಪೂರ್ತಿ ಅಳತೈತ್ರೀ, ಒಂದೀಟ್ ಮುಟ್ಟಿಸ್ರೀ.” ಗರುಡನ ರೆಕ್ಕೆಯನ್ನು ಅದರ ಹಣೆಗೆ ಮುಟ್ಟಿಸಿದೆ. ಕೂಸು ಅಳು ನಿಲ್ಲಿಸಿ, ಎರಡೂ ಕೈಯಲ್ಲಿ ಗರುಡನ ಮೂಗು ಹಿಡಿದು ಬಾಯಿಗೆ ತೆಗೆದುಕೊಂಡಿತು. ಬಿಡಿಸಲು ನೋಡಿದರೆ ಕಿರುಚುತ್ತಿತ್ತು. ಹೊಸಪೇಟೆ ಬರುವವರೆಗೂ ಬಿಡಲಿಲ್ಲ. ಇಳಿಯುವಾಗ ಕಂಡಕ್ಟರು, ಟಿಕೆಟ್ಟಿನ ಹಿಂದೆ ಬರೆದುಕೊಟ್ಟಿದ್ದ ಚಿಲ್ಲರೆಯನ್ನು ನಾನು ಕೇಳುವ ಮೊದಲೇ ಕಣ್ಣಿಗೊತ್ತಿಕೊಂಡು ಕೈಗಿಟ್ಟ.