ಪಾಗಾರದಾಚೆಯ ಜಿಪ್ಸಿ

ಶೆಟ್ರೇ, ಸ್ವಲ್ಪ ಈಚೆ ಬನ್ನಿ. ಪಾಗಾರಕ್ಕೆ ಒರಗಬೇಡಿ ಮಾರಾಯ್ರೇ, ಪಾಚಿ ಕಟ್ಟಿದೆ, ಅಂಗಿಯೆಲ್ಲ ಹಸಿರಾಗ್ತದೆ. ನಿನ್ನೆ ನಿಮ್ಮಲ್ಲಿಗೆ ಬಂದ ಆ ಭಾರದ ಪಾರ್ಸೆಲ್ ಎಂತದ್ದೆಂದು ಗೊತ್ತಾಯ್ತು. ಜಿಪ್ಸಿಯನ್ನು ಎರಡು ಇಂಚು ಎತ್ತರಿಸುವ ಸಸ್ಪೆನ್ಶನ್ ಕಿಟ್ ಅಲ್ವಾ? ನಾಲ್ಕು ಸೆಟ್ ಪ್ಲೇಟು ಸ್ಪ್ರಿಂಗು, ನಾಲ್ಕು ಶಾಕ್ ಅಬ್ಸಾರ್ಬರು, ಉದ್ದದ ಶ್ಯಾಕಲ್ಲು, ಬುಷ್ಷು, ಯೂ ಬೋಲ್ಟು. ಭಾನುವಾರ ಅಂಗಳದಲ್ಲೇ ಕೂರಿಸ್ತಾನಂತೆ ನಿಮ್ಮ ಹುಡುಗ. ಕೈಗೆ ಗ್ರೀಸು ಹಚ್ಚಿಕೊಳ್ಳುವ ಹುಡುಗರೇ ಕಡಿಮೆಯಾದ ಕಾಲದಲ್ಲಿ ಅದು ಸಂತೋಷದ ಸಂಗತಿ. ಆದರೆ ಹಾಕುವ ಮೊದಲು ನನ್ನದೊಂದಿಷ್ಟು ಮಾತುಂಟು, ಕೇಳಿ.

ಜಿಪ್ಸಿ ಕುಲುಕ್ತದೆ, ಸುಳ್ಳಲ್ಲ. 1985ರಲ್ಲಿ ಮಾರುತಿ ಕಂಪೆನಿ ಅದನ್ನು ಹೊರಗೆ ಬಿಟ್ಟಲ್ಲಿಂದ 2019ರಲ್ಲಿ ನಿಲ್ಲಿಸುವವರೆಗೂ ನಾಲ್ಕು ಚಕ್ರಕ್ಕೂ ಪ್ಲೇಟೇ. ಖಾಲಿ ಗಾಡಿಯ ತೂಕ ಹೆಚ್ಚುಕಡಿಮೆ ಒಂದು ಟನ್. ಅದರ ಮೇಲೆ ಇನ್ನೊಂದು ಅರ್ಧ ಟನ್ ಹೊತ್ತು ಓಡಬೇಕೆಂದು ಆ ಪ್ಲೇಟು ಮಾಡಿದ್ದು. ಸೈನ್ಯದವರು, ಪೊಲೀಸರು ಹಿಂದೆ ಆರು ಜನ ತುಂಬಿಕೊಂಡು ಹೋದರೆ ಗಾಡಿ ಮೆತ್ತಗೆ. ನಿಮ್ಮ ಹುಡುಗ ಒಬ್ಬನೇ ಬಜಗೋಳಿಗೆ ಹೋದರೆ ಪ್ರತಿ ಹೊಂಡದಲ್ಲೂ ಹಿಂದಿನ ಚಕ್ರ ನೆಲ ಬಿಡ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ಎಳೆತವೂ ಇಲ್ಲ. ಹಾಗಾಗಿ ಕಿಟ್ ಬೇಕು ಅನ್ನುವುದು ಸರಿಯೇ. ನನ್ನ ತಕರಾರು ಇರುವುದು ಆ ಎರಡು ಇಂಚಿನ ಮೇಲೆ.

ಎಂತಕ್ಕೆ ಹೇಳ್ತೇನೆ. ಜಿಪ್ಸಿಯ ಎಕ್ಸೆಲ್ ಒಂದು ಚಕ್ರದಿಂದ ಇನ್ನೊಂದಕ್ಕೆ ಇಡಿಯಾದ ಒಂದೇ ದಿಂಡು. ಪ್ಲೇಟಿನ ಮೇಲೆ ಬಾಡಿ ಕೂತಿದೆ, ಎಕ್ಸೆಲ್ಲನ್ನು ಅದೇ ಪ್ಲೇಟಿಗೆ ಬಿಗಿದದ್ದು. ಕಿಟ್ ಹಾಕಿದ್ರೆ ಏರುವುದು ಬಾಡಿ ಮಾತ್ರ. ಕೆಳಗೆ ಕುಂಬಳಕಾಯಿ ಹಾಗೆ ಉಬ್ಬಿಕೊಂಡ ಡಿಫರೆನ್ಶಿಯಲ್ ಉಂಟಲ್ಲ, ಅದು ಇದ್ದಲ್ಲೇ ಇರ್ತದೆ. ತೋಟದ ದಾರಿಯ ಕೆಂಪುಕಲ್ಲಿಗೆ ತಾಗುವುದು ಅದೇ. ಅದನ್ನು ಎತ್ತಬೇಕಾದರೆ ಟಯರು ದೊಡ್ಡದಾಗಬೇಕು, ಟಯರಿನ ವ್ಯಾಸ ಎರಡು ಇಂಚು ಹೆಚ್ಚಿದರೆ ಸಿಗುವುದು ಒಂದೇ ಇಂಚು. ದುಡ್ಡು ಕೊಟ್ಟು ಬಾಡಿಯನ್ನು ಮೇಲೆ ಏರಿಸಿ, ತೂಕವನ್ನೂ ಮೇಲೆ ಏರಿಸಿದ ಹಾಗಾಯ್ತು. ಎಡ ಚಕ್ರದಿಂದ ಬಲ ಚಕ್ರಕ್ಕೆ ಸುಮಾರು 1300 ಮಿಲಿಮೀಟರ್ ಅಗಲದ ಗಾಡಿ ಅದು. ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವು. ಆಟಿ ತಿಂಗಳ ಮಳೆಯಲ್ಲಿ, ಎದುರಿಂದ ಬಸ್ಸು ಬರುವಾಗ, ಆ ಎರಡು ಇಂಚು ಹೊಟ್ಟೆಯೊಳಗೆ ಗೊತ್ತಾಗ್ತದೆ. ಹಿಂದೆ ಕೂತವರು ನಿಮ್ಮ ಮನೆಯವರು, ಮೊಮ್ಮಕ್ಕಳು.

ಹುಡುಗ ಮಣಿಪಾಲದಲ್ಲಿ ಓದಿದವನಲ್ವಾ, ಅವನಿಗೆ ಅಲ್ಲಿಯದ್ದೇ ಉದಾಹರಣೆ ಕೊಡಿ. ಎಂಐಟಿಯಲ್ಲಿ ಟೀಮ್ ಮಣಿಪಾಲ್ ರೇಸಿಂಗ್ ಅಂತ ಹುಡುಗರ ತಂಡ ಉಂಟು. ಬಾಹಾ ಸ್ಪರ್ಧೆಗೆ ಪೈಪು ಬೆಸೆದು ಒಂಟಿ ಸೀಟಿನ ಕಾಡುಗಾಡಿ ಕಟ್ಟುವವರು. 2007ರಲ್ಲಿ ಮಧ್ಯಪ್ರದೇಶದ ಪೀಥಂಪುರದಲ್ಲಿ ನಮ್ಮ ದೇಶದ ಬಾಹಾ ಶುರುವಾದದ್ದು. ಆ ಸ್ಪರ್ಧೆಯ ಎಂಜಿನಿನ ನಿಯಮ ನನಗೆ ಬಹಳ ಇಷ್ಟ: ಎಲ್ಲ ತಂಡಕ್ಕೂ ಒಂದೇ ಎಂಜಿನು, ಸುಮಾರು 10 ಕುದುರೆಶಕ್ತಿಯದ್ದು, ಅದನ್ನು ಬಿಚ್ಚಿ ಬಲ ಹೆಚ್ಚಿಸುವಂತಿಲ್ಲ. ಹಾಗಾದ ಮೇಲೆ ನಾಲ್ಕು ಗಂಟೆಯ ಎಂಡ್ಯುರೆನ್ಸ್ ಓಟದಲ್ಲಿ ಗೆಲ್ಲುವುದು ಯಾರು? ಗಾಡಿ ಹಗುರ ಮಾಡಿದವನು, ಸಸ್ಪೆನ್ಶನ್ ಸರಿಯಾಗಿ ಲೆಕ್ಕ ಹಾಕಿದವನು. ಆ ಮಕ್ಕಳು ಎತ್ತರದ ಹಿಂದೆ ಹೋಗುವುದಿಲ್ಲ. ಚಕ್ರ ಎಷ್ಟು ಮೇಲೆ ಹೋಗಬೇಕು, ಎಷ್ಟು ಕೆಳಗೆ ಇಳಿಯಬೇಕು, ಅದನ್ನು ಹಿಡಿದುಕೊಂಡು ಕೂರ್ತಾರೆ.

ಅಮೆರಿಕದಲ್ಲಿ ಸೈಡ್ ಬೈ ಸೈಡ್ ಅಂತ ಇಬ್ಬರು ಪಕ್ಕಪಕ್ಕ ಕೂರುವ ಗಾಡಿ ಬರ್ತದೆ. ಪೋಲಾರಿಸ್‌ನವರ ಆರ್‌ಝಡ್‌ಆರ್ ಎಕ್ಸ್‌ಪಿ 1000 ಅನ್ನುವುದರಲ್ಲಿ ಮುಂದಿನ ಚಕ್ರಕ್ಕೆ 16 ಇಂಚು, ಹಿಂದಿನದಕ್ಕೆ 18 ಇಂಚು ಓಡಾಟ. ನಮ್ಮ ಹುಡುಗರಿಗೆ ಕನಸಿನಲ್ಲಿ ಬರುವುದು ಅದೇ. ಅಲ್ಲಿ ನಾಲ್ಕು ಚಕ್ರವೂ ಬೇರೆ ಬೇರೆ, ತೋಳುಗಳು ಉದ್ದ, ಅಗಲವೂ ಹೆಚ್ಚು. ಮರಳುಗುಡ್ಡೆಯಲ್ಲಿ ಹಾರಿ ಬೀಳಲಿಕ್ಕೆಂದೇ ಮಾಡಿದ್ದು. ಪ್ಲೇಟಿನ ಗಾಡಿಗೆ ಎರಡು ಇಂಚು ಏರಿಸಿದರೆ ಅದು ಬರುವುದಿಲ್ಲ ಶೆಟ್ರೇ.

ನಮಗೆ ಹತ್ತಿರದ ಪಾಠ ಬೇಕಾದರೆ ಘಟ್ಟ ಹತ್ತಿ ನೋಡಿ. ಮಾಳದ ಮೇಲಿಂದ ಎಸ್.ಕೆ. ಬಾರ್ಡರ್ ದಾಟಿ ಕುದುರೆಮುಖ, ಕಳಸ. ಅಲ್ಲಿಂದ ಚಾರಣದವರನ್ನು ಮುಳ್ಳೋಡಿಗೆ ಹೊತ್ತುಕೊಂಡು ಹೋಗುವ ಜೀಪುಗಳನ್ನು ನೋಡಿ. ಕಲ್ಲು, ಕೆಸರು, ಏರು. ಆ ಡ್ರೈವರುಗಳು ಕ್ಯಾಟಲಾಗ್ ನೋಡಿ ಸಾಮಾನು ತರಿಸುವವರಲ್ಲ. ಬಾಡಿಗೆ ಜೀಪಿನವರು ಹೊರೆ ಎಷ್ಟು ಅಂತ ನೋಡಿಕೊಂಡು ಹಿಂದಕ್ಕೆ ಒಂದು ಪ್ಲೇಟು ಹೆಚ್ಚಿಗೆ ಸೇರಿಸುವುದು, ಬೇಡವಾದಾಗ ತೆಗೆಸುವುದು, ಹಳೇ ಪದ್ಧತಿ. ಕಿಟ್ಟಿನ ಕಂಪೆನಿಯವರೂ ಅದನ್ನೇ ಮಾಡುವುದು: ಖಾಲಿ ಗಾಡಿಗೆ ಒಂದು ಪ್ಲೇಟು, ಹೊರೆಯ ಗಾಡಿಗೆ ಇನ್ನೊಂದು. ನಿಮ್ಮವ ಯಾವುದು ತರಿಸಿದ್ದಾನೆ ಕೇಳಿ. ಮುಂದೆ ವಿಂಚು ಹಾಕಿ, ಹಿಂದೆ ಸಾಮಾನು ತುಂಬುವವರ ಗಟ್ಟಿ ಸೆಟ್ಟನ್ನು ಇವನು ಖಾಲಿ ಗಾಡಿಗೆ ಹಾಕಿದರೆ ಈಗಿನದಕ್ಕಿಂತ ಹೆಚ್ಚು ಕುಲುಕ್ತದೆ.

ಇನ್ನು ಕೂರಿಸುವ ಕೆಲಸ. ಪ್ಲೇಟುಗಳನ್ನು ಒಟ್ಟಿಗೆ ಹಿಡಿದ ಸೆಂಟರ್ ಬೋಲ್ಟ್ ಉಂಟಲ್ಲ, ಅದರ ತಲೆ ಎಕ್ಸೆಲ್ಲಿನ ಸೀಟಿನ ತೂತಿಗೆ ಸರಿಯಾಗಿ ಕೂತಿದೆಯೋ ಅಂತ ಬೆರಳು ಹಾಕಿ ನೋಡಬೇಕು. ಕೂರದೇ ಯೂ ಬೋಲ್ಟು ಬಿಗಿದರೆ ಎಕ್ಸೆಲ್ ಓರೆಯಾಗಿ ನಿಲ್ತದೆ, ಗಾಡಿ ಏಡಿಯ ನಡಿಗೆ ನಡೀತದೆ. ಎರಡನೆಯದು, ಉದ್ದದ ಪ್ಲೇಟಿಗೆ ಗಿಡ್ಡ ಶಾಕು ಹಾಕಬಾರದು. ಚಕ್ರ ಕಣಿಗೆ ಇಳಿದಾಗ ಶಾಕು ಪೂರ್ತಿ ಎಳೆದು ನಿಂತು, ಇಡೀ ಎಕ್ಸೆಲ್ಲಿನ ಭಾರ ಅದರ ಕಣ್ಣಿಗೆ ಜೋತು ಬೀಳ್ತದೆ. ಕುಗ್ಗುವಾಗಲೂ ಹಾಗೇ, ಮೊದಲು ತಾಗಬೇಕಾದ್ದು ರಬ್ಬರ್ ಬಂಪ್ ಸ್ಟಾಪು, ಶಾಕಿನ ತಳವಲ್ಲ. ಒಂದು ಚಕ್ರಕ್ಕೆ ಮಾತ್ರ ಜಾಕಿ ಕೊಟ್ಟು ಎತ್ತಿ, ಆಚೆಯದು ಜೋತಾಡುವಾಗ ಬಗ್ಗಿ ನೋಡಲಿ: ಬ್ರೇಕಿನ ರಬ್ಬರ್ ಹೋಸು ಬಿಗಿದು ತಂತಿಯಾಗಿದೆಯೋ, ಪ್ರೊಪೆಲ್ಲರ್ ಶಾಫ್ಟಿನ ಸ್ಲಿಪ್ ಜಾಯಿಂಟು ಹೊರಗೆ ಬಂದಿದೆಯೋ. ಹೋಸು ಬಿಗಿದಿದ್ದರೆ ಉದ್ದದ್ದು ತರುವವರೆಗೆ ಗೇಟಿನಿಂದ ಹೊರಗೆ ಹೋಗಬಾರದು, ಖಂಡಿತ. ಜಾಕಿ ಒಂದರ ಮೇಲೆಯೇ ಗಾಡಿ ಬಿಟ್ಟು ಅಡಿಗೆ ಮಲಗುವುದೂ ಬೇಡ, ಚಾಸಿಸ್ಸಿಗೆ ಸ್ಟ್ಯಾಂಡ್ ಕೊಡಲಿ. ಉದ್ದದ ಶ್ಯಾಕಲ್ಲು ಹಾಕಿದರೆ ಮುಂದಿನ ಕ್ಯಾಸ್ಟರ್ ಕೋನ ಬದಲಾಗ್ತದೆ, ಆಮೇಲೆ ಸ್ಟೇರಿಂಗು ತಾನಾಗಿ ನೇರಕ್ಕೆ ಬರುವುದು ಕಡಿಮೆಯಾಗ್ತದೆ. ಹೆದ್ದಾರಿ 66ರಲ್ಲಿ ಎಂಬತ್ತರ ವೇಗದಲ್ಲಿ ಅದು ಬಹಳ ಕೆಟ್ಟದ್ದು.

ಕಾಪು ಬೀಚಿಗೆ ಕೊಂಡೋಗಿ ಪರೀಕ್ಷೆ ಮಾಡ್ತೇನೆ ಅಂತ ಅವ ಹೇಳಿದ್ದು ಕೇಳಿಸಿತು. ಅದು ಬೇಡವೇ ಬೇಡ. ದೀಪಸ್ತಂಭದ ಬುಡದಲ್ಲಿ ಮಕ್ಕಳು ಆಡ್ತಾ ಇರ್ತವೆ, ನಮ್ಮ ಕರಾವಳಿಯ ಮರಳಿನಲ್ಲಿ ಕಡಲಾಮೆ ಮೊಟ್ಟೆ ಇಡ್ತದೆ. ಗಾಡಿಗೂ ಕೇಡು. ಶಾಕಿನ ರಾಡು ಕನ್ನಡಿ ಹಾಗೆ ಹೊಳೆಯುವುದು ಕ್ರೋಮಿನಿಂದ. ಉಪ್ಪುನೀರು ತಾಗಿ ಅದರ ಮೇಲೆ ಸಾಸಿವೆಯಷ್ಟು ತುಕ್ಕಿನ ಚುಕ್ಕೆ ಎದ್ದರೆ, ಪ್ರತಿ ಸಲ ಒಳಗೆ ಹೊರಗೆ ಆಗುವಾಗ ಅದು ಎಣ್ಣೆಯ ಸೀಲನ್ನು ಕೊಯ್ಯುತ್ತದೆ. ಮೂರು ತಿಂಗಳಲ್ಲಿ ಶಾಕು ಒದ್ದೆ. ಕುದುರೆಮುಖದ ದಾರಿಯಲ್ಲೂ ಡಾಂಬರು ಬಿಟ್ಟು ಇಳಿಯುವ ಹಾಗಿಲ್ಲ, 1987ರಿಂದ ಅದು ರಾಷ್ಟ್ರೀಯ ಉದ್ಯಾನ. ನಿಮ್ಮದೇ ಗುಡ್ಡೆ ಉಂಟಲ್ಲ, ತೋಟಕ್ಕೆ ಇಳಿಯುವ ಬರೆಯ ದಾರಿ, ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಬೇಕಾ?

ಕಾನೂನನ್ನೂ ಹೇಳಿಬಿಡ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪೆನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ ಅಂತ ಬಂತು. ನಾಳೆ ಏನಾದರೂ ಅಪಘಾತವಾದರೆ ವಿಮೆಯವರು ಮೊದಲು ನೋಡುವುದೂ ಇದನ್ನೇ. ಹುಡುಗರು ಇದನ್ನು ಪೊಲೀಸರ ಕಿರಿಕಿರಿ ಅಂದುಕೊಳ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಎದುರಿಂದ ಸ್ಕೂಟರಿನಲ್ಲಿ ಬರುವವನಿಗೂ ಆ ಗಾಡಿಯ ಬ್ರೇಕಿನ ಮೇಲೆ ಹಕ್ಕುಂಟು.

ಹಾಗಾಗಿ ನಾನು ಹೇಳುವುದು ಇಷ್ಟು. ಪೆಟ್ಟಿಗೆ ಇನ್ನೂ ಒಡೆದಿಲ್ಲ, ವಾಪಸು ಕಳಿಸಲಿ. ಎತ್ತರ ಏರಿಸದ, ಮೂಲದ ಅಳತೆಯ ಮೆತ್ತಗಿನ ಪ್ಲೇಟು, ಅದಕ್ಕೆ ಹೊಂದುವ ಒಳ್ಳೆಯ ಶಾಕು ತರಿಸಲಿ. ದುಡ್ಡೂ ಉಳೀತದೆ. ಬಂದ ಮೇಲೆ ನಾನೂ ಕೈ ಹಾಕ್ತೇನೆ. ಬುಷ್ಷಿನ ಬೋಲ್ಟುಗಳನ್ನು ಗಾಡಿ ಎತ್ತಿಟ್ಟಾಗ ಬಿಗಿಯಬಾರದು, ಚಕ್ರ ನೆಲಕ್ಕೆ ಇಳಿಸಿ, ಪೂರ್ತಿ ಭಾರ ಕೂತ ಮೇಲೆಯೇ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರೀತದೆ. ಯೂ ಬೋಲ್ಟಿನ ನಟ್ಟುಗಳನ್ನು ಒಂದು ಐನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿಯಬೇಕು, ಹೊಸ ಪ್ಲೇಟು ಒಂದರ ಮೇಲೊಂದು ಕೂತು ಸಡಿಲವಾಗಿರ್ತದೆ. ಟಾರ್ಕ್ ರೆಂಚು ನನ್ನಲ್ಲುಂಟು, ಅಂಗಡಿಯಲ್ಲಿ ತೆಗೊಳ್ಳುವುದು ಬೇಡ ಅಂತ ಹೇಳಿ.